ಬೆಲ್ಲದಷ್ಟು ಅಳಿಯ

"ಬೆಲ್ಲ ಹೆಚ್ಚಾಗೋದು ಬೇಡ ಅತ್ತೆ, ಅಳಿಯ ಕಡಿಮೆಯಾದರೆ ಸಾಕಲ್ಲ" ಎಂದು ಹಾಲೇಶ್ ಘೋಷಿಸಿದ್ದು ಕೊರಟಗೆರೆಯ ಮಾವನ ಮನೆಯ ಪಡಸಾಲೆಯಲ್ಲಿ. ಇಂಥ ಮಾತನ್ನು ಆ ಪಡಸಾಲೆಯಲ್ಲಿ ಅದುವರೆಗೆ ಯಾವ ಅಳಿಯನೂ ಆಡಿರಲಿಲ್ಲ. ಅಳಿಯಂದಿರು ಅಲ್ಲಿಗೆ ಬರುತ್ತಿದ್ದುದೇ ಹೆಚ್ಚಾಗುವುದಕ್ಕೆ.

ಸಂಗತಿ ಇಷ್ಟು. ಹಿಂದಿನ ವರ್ಷ ಹಾಲೇಶನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯ ಮಂಚದ ಮೇಲೆ ಬಾಳೆನಾರಿನಂತೆ ಬಿದ್ದಿದ್ದಾಗ, ಅತ್ತೆ ಸರ್ವಮಂಗಳಾ ಸಿದ್ದರಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದಿದ್ದರು. ಆ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಅವರ ಮನೆದೇವರು ವೀರಭದ್ರಸ್ವಾಮಿ. "ನಮ್ಮ ಅಳಿಯಂದ್ರು ಎದ್ದು ಕೂತರೆ, ನನ್ನ ತೌರು ಮಣ್ಣಲ್ಲಿ ಬೆಳೆದದ್ದರಲ್ಲೇ ತುಲಾಭಾರ ಮಾಡಿಸ್ತೀನಿ, ಬೆಲ್ಲದಲ್ಲಿ" ಎಂದು ಹರಕೆ ಹೊತ್ತರು. ಆಗ ನರ್ಸಮ್ಮ ಹೇಳಿದ ತೂಕ ಅರವತ್ತೆರಡು ಕಿಲೊ. ಬಡವನಹಳ್ಳಿ ಕಡೆಯಲ್ಲಿದ್ದ ಅತ್ತೆಯ ತಮ್ಮ ತನ್ನ ಕಬ್ಬನ್ನೇ ಅರೆಸಿ, ಅಳೆದು ತೂಗಿ ಅಷ್ಟೇ ಬೆಲ್ಲದ ಅಚ್ಚುಗಳನ್ನು ಕಳಿಸಿಕೊಟ್ಟ. ಆ ವರ್ಷದ ಕಬ್ಬೂ ಮುಗಿಯಿತು, ಆಲೆಮನೆಯ ಒಲೆಯೂ ಆರಿತು. ಅಂಗಡಿ ಬೆಲ್ಲ ಬೆರೆಸೋಣವೆಂದರೆ ದೇವರಿಗೆ ಕೊಟ್ಟ ಮಾತು ಅಡ್ಡ.

ಇತ್ತ ಅಳಿಯ ಎದ್ದು ಕೂತ. ಕೂತವನು ಕೂತೇಬಿಟ್ಟ!

ತಪ್ಪು ಅವನೊಬ್ಬನದೇ ಅಲ್ಲ, ಅವನ ಕೆಲಸದ್ದೂ ಹೌದು. ಪಾವಗಡದ ಆಚೆ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಯಾವುದೋ ಕಂತ್ರಾಟು ಕಂಪನಿಯ ಕಂಟ್ರೋಲ್ ರೂಮಿನ ಆಪರೇಟರ್ ಅವನು. ಅಲ್ಲಿ ದುಡಿಯುವವನು ಸೂರ್ಯ. ಅವನು ಬೆಳಗ್ಗೆ ತಪ್ಪದೆ ಡ್ಯೂಟಿಗೆ ಬರುತ್ತಾನೆ, ಹಲಗೆಗಳು ಕರೆಂಟು ಮಾಡುತ್ತವೆ, ಹಾಲೇಶ್ ಎಸಿಯ ಕೆಳಗೆ ಕೂತು ಪರದೆಯ ಮೇಲಿನ ಹಸಿರು ಚುಕ್ಕಿಗಳು ಕೆಂಪಾಗದಂತೆ ಕಣ್ಣಿನಿಂದಲೇ ಕಾಯುತ್ತಾನೆ. ಸಂಜೆ ಇಬ್ಬರೂ ಮುಳುಗುತ್ತಾರೆ, ಸೂರ್ಯ ಪಡುವಣದಲ್ಲಿ, ಹಾಲೇಶ್ ಕಂಪನಿ ವ್ಯಾನಿನ ಹಿಂದಿನ ಸೀಟಿನಲ್ಲಿ. ಜ್ವರದಿಂದ ಎದ್ದವನೆಂದು ಅತ್ತೆ ಕಳಿಸುತ್ತಿದ್ದ ತುಪ್ಪವೂ ಸೇರಿ ಅವನ ತೂಕ ಎಪ್ಪತ್ತೈದನ್ನು ದಾಟಿತ್ತು. ತುಲಾಭಾರಕ್ಕೆ ಉಳಿದಿದ್ದು ಮೂರು ತಿಂಗಳು.

"ಹರಕೆ ಅರೆಬರೆ ಆದ್ರೆ ಸ್ವಾಮಿ ಒಪ್ಪಾಕಿಲ್ಲ ಅಳಿಯಂದ್ರೆ," ಅತ್ತೆಯ ದನಿ ಇಳಿದಿತ್ತು. "ಒಪ್ಪದೆ ಹೋದ್ರೆ ಆ ಜ್ವರ ಎಲ್ಲಿ ತಿರುಗಿ ಬಂದ್ಬುಡ್ತದೋ ಅಂತ ನಂಗೆ ನಿದ್ದೆ ಹತ್ತಾಕಿಲ್ಲ."

ಆ ನಿದ್ದೆಯನ್ನು ಮರಳಿ ತಂದುಕೊಡುವ ಪಣ ತೊಟ್ಟೇ ಹಾಲೇಶ್ ಮೇಲಿನ ಘೋಷಣೆ ಹೊರಡಿಸಿದ್ದು. ಹೆಂಡತಿ ಪ್ರಿಯಾಂಕ ಮಾತ್ರ ತಲೆ ಎತ್ತದೆ ಕೇಳಿದಳು, "ಅದೆಂಗ್ರೀ ಕಡಿಮೆ ಆಗ್ತೀರಾ? ಕುರ್ಚಿಯಿಂದ ಎದ್ದಾ, ಕೂತ್ಕಂಡೇನಾ?"

ಉತ್ತರ ಸಿರಾದ ಮೊಬೈಲ್ ಅಂಗಡಿಯೊಂದರಲ್ಲಿ ಸಿಕ್ಕಿತು. ಮಣಿಕಟ್ಟಿಗೆ ಕಟ್ಟುವ ಕರಿ ಪಟ್ಟಿ, ಅದರಲ್ಲೊಂದು ಪುಟ್ಟ ಪರದೆ. ನಡೆದ ಹೆಜ್ಜೆ, ಕರಗಿದ ಕ್ಯಾಲೊರಿ, ಎದೆಯ ಬಡಿತ, ನಿದ್ದೆಯ ಆಳ, ಎಲ್ಲವನ್ನೂ ಅದು ಲೆಕ್ಕ ಹಾಕುತ್ತಿತ್ತು.

"ತಗೊಳ್ಳಿ ಭಾಯ್, ವಜನ್ ತಾನೇ ಇಳೀತದೆ," ಅಂದ ಅಂಗಡಿಯವನು.

"ಬರೀ ಕಟ್ಕಂಡ್ರೆ ಸಾಕಾ?"

"ಬಿಚ್ಚದೆ ಇದ್ರೆ ಸಾಕು."

ಮೊದಲ ದಿನ ಹಾಲೇಶ್ ನಿಜವಾಗಿ ನಡೆದ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಹೇಳುವುದಕ್ಕೆ ಅಂಥದ್ದೇನೂ ಸಿಗುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಸೋಲಾರ್ ಹಲಗೆಗಳ ಸಾಲುಗಳ ನಡುವೆ ಹೊರಟ. ಮೇಲೆ ಒಬ್ಬ ಸೂರ್ಯ, ಎಡಬಲದ ಗಾಜುಗಳಲ್ಲಿ ಸಾವಿರಾರು ಸೂರ್ಯರು. ಒಂದು ಸಾಲು ಮುಗಿಯುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತು, ಕಾಲು ತಾಳ ತಪ್ಪಿತು. ದೂರದಿಂದ ನೋಡುತ್ತಿದ್ದ ಸಹೋದ್ಯೋಗಿ ಲಕ್ಷ್ಮೀಪತಿ ಎರಡೂ ಕೈ ಬೀಸಿ, "ಚಾಲು ಗುರು, ಚಾಲು" ಎಂದು ಕೂಗಿದ.

ಹಾಲೇಶನಿಗೆ ಕಣ್ಣು ತುಂಬಿ ಬಂತು. ಎಂಥ ಗೆಳೆಯ, ಎಂಥ ಪ್ರೋತ್ಸಾಹ! ಚಾಲೂ ಇಡು ಎನ್ನುತ್ತಿದ್ದಾನೆ. ಇನ್ನೊಂದು ಸಾಲಿಗೆ ತಿರುಗಿದ. ಅರ್ಧ ಸಾಲಿನಲ್ಲಿ ಕುಸಿದ.

ಕಣ್ಣು ಬಿಟ್ಟಾಗ ಲಕ್ಷ್ಮೀಪತಿ ಅವನ ಮುಖಕ್ಕೆ ನೀರು ಚಿಮುಕಿಸುತ್ತಿದ್ದ. "ಏಮಯ್ಯಾ, ಸಾಕು ಸಾಕು ಅಂತ ಬಡ್ಕಂತಿದ್ರೆ ಇನ್ನೂ ಮುಂದಕ್ಕೇ ಹೋಗ್ತೀಯಲ್ಲ. ಚಾಲು ಅಂದ್ರೆ ಗೊತ್ತಾಗಲ್ವಾ?"

ಮಧುಗಿರಿಯಲ್ಲಿ ಹುಟ್ಟಿದ ಹಾಲೇಶನಿಗೆ, ಪಾವಗಡ ದಾಟಿದರೆ ತೆಲುಗಿನ ‘ಸಾಕು’ ಕನ್ನಡದ ‘ಶುರು’ವಿನ ಹಾಗೆ ಕೇಳಿಸುತ್ತದೆಂದು ಅಂದು ಗೊತ್ತಾಯಿತು. ನಡಿಗೆ ಅಲ್ಲಿಗೆ ಚಾಲು, ತೆಲುಗಿನ ಅರ್ಥದಲ್ಲಿ.

ಆ ರಾತ್ರಿಯ ಊಟದ ಹೊತ್ತಿಗೆ ವಿಜ್ಞಾನ ಅವನ ಕೈಹಿಡಿಯಿತು. ಪ್ರಿಯಾಂಕ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುತ್ತ, ಒಲೆಯ ಮೇಲಿದ್ದ ಹಿಟ್ಟಿನ ಕಡೆ ಗದ್ದ ತೋರಿಸಿ, "ಒಂಚೂರು ತಿರುವ್ರಿ" ಎಂದಳು. ಹಾಲೇಶ್ ಪಾತ್ರೆಯನ್ನು ಕೆಳಗಿಳಿಸಿ, ಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಒತ್ತಿಹಿಡಿದು ಮುದ್ದೆಕೋಲು ತಿರುವಿದ. ಗಂಟು ಒಡೆಯಲೆಂದು ಇನ್ನಷ್ಟು ತಿರುವಿದ. ಮಣಿಕಟ್ಟು ಗುಂಯ್ ಎಂದಿತು. ಪುಟ್ಟ ಪರದೆಯ ಮೇಲೆ ಬಾಣಬಿರುಸು ಹಾರಿದವು.

ಹಾಲೇಶ್ ದಂಗಾದ. "ಲೇ ಪ್ರಿಯಾಂಕ, ನಾನು ಓಡ್ತಾ ಇದೀನಂತೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಕಣೆ. ಇಲ್ಲೇ, ಒಲೆ ಮುಂದೆ."

ಪಟ್ಟಿಗೆ ಗೊತ್ತಿದ್ದುದು ಕೈಯೊಂದೇ. ಕೈ ಆಡಿದರೆ ಕಾಲು ನಡೆಯಿತೆಂದು ಅದು ನಂಬುತ್ತಿತ್ತು. ಇಂಥ ಮುಗ್ಧ ಯಂತ್ರಕ್ಕೆ ಹಾಲೇಶ್ ಮೋಸ ಮಾಡಿದನೆಂದು ಹೇಳಲಾಗದು. ಅವನೂ ಅದರೊಂದಿಗೆ ನಂಬಿಬಿಟ್ಟ. ಮಾರನೆಯ ದಿನದಿಂದ ಆ ಮನೆಯಲ್ಲಿ ಮುದ್ದೆ ತಿರುವುವ ಹಕ್ಕು ಅವನದಾಯಿತು. ಇಬ್ಬರಿಗಾಗುವ ಹಿಟ್ಟು ಎರಡು ಸುತ್ತಿಗೇ ಬೆಂದು ಕೂರುತ್ತಿತ್ತು, ಹೆಜ್ಜೆ ಸಾಲುತ್ತಿರಲಿಲ್ಲ. ಹಾಗಾಗಿ ನಾಲ್ವರಿಗಾಗುವಷ್ಟು ಹಿಟ್ಟು ಬಿತ್ತು. ತಿರುವಿದ ಮೇಲೆ ಅದನ್ನು ಯಾರಾದರೂ ತಿನ್ನಬೇಕಲ್ಲ? ಕರಗಿದ ಕ್ಯಾಲೊರಿಯನ್ನು ಪಟ್ಟಿ ಮುಕ್ತಕಂಠದಿಂದ ಸಾರುತ್ತಿರುವಾಗ ಒಂದು ಮುದ್ದೆ ಹೆಚ್ಚಿಗೆ ನುಂಗಲು ಅಂಜುವವನು ಗಂಡಸೇ?

"ಸಾಕು ಬುಡ್ರೀ, ಮೂರಾಯ್ತು," ಎನ್ನುತ್ತಿದ್ದಳು ಪ್ರಿಯಾಂಕ.

"ನಾಲ್ಕರಷ್ಟು ಓಡಿದೀನಿ ಕಣೆ. ಇನ್ನೂ ಒಂದು ಬಾಕಿ ಐತೆ."

ಅವರೆಕಾಳಿನ ಸಾರು ಇದ್ದ ದಿನ ಅವನು ಮ್ಯಾರಥಾನ್ ಓಡುತ್ತಿದ್ದ.

ಬೆಳಗಿನ ವ್ಯಾನ್ ಇನ್ನೂ ಉದಾರಿ. ಅಗೆದು ಬಿಟ್ಟ ರಸ್ತೆಯಲ್ಲಿ ಅದು ಕುಲುಕಿದ್ದಕ್ಕೆಲ್ಲ ಪಟ್ಟಿ ಹೆಜ್ಜೆ ಬರೆದುಕೊಳ್ಳುತ್ತಿತ್ತು. ಹಾಲೇಶ್ ಗೊರಕೆ ಹೊಡೆಯುತ್ತ ತಿರುಮಣಿ ತಲುಪುವಷ್ಟರಲ್ಲಿ ದಿನದ ಗುರಿ ಮುಟ್ಟಿರುತ್ತಿದ್ದ. ನಿದ್ದೆಯಲ್ಲೂ ಓಡುವ ಮನುಷ್ಯ ಭೂಮಿಯ ಮೇಲೆ ಇನ್ನೆಷ್ಟು ಮಂದಿ ಇದ್ದಾರು ಎಂದು ಅವನಿಗೆ ತನ್ನ ಬಗ್ಗೆಯೇ ಗೌರವ ಮೂಡಿತು.

ಫೋನಿನಲ್ಲಿ ಒಂದು ಗೆರೆ ದಿನದಿನಕ್ಕೆ ಇಳಿಯುತ್ತ ಹೋಗಿ, ತುದಿಯಲ್ಲಿ ಅರವತ್ತೆರಡು ಎಂದು ತೋರಿಸುತ್ತಿತ್ತು. ಅದರ ಕೆಳಗೆ ‘ಹೀಗೇ ನಡೆದರೆ ಮುಂದೆ ಆಗಬಹುದಾದ ತೂಕ’ ಎಂದು ಬರೆದಿತ್ತು. ಆ ಮಾತು ಸಣ್ಣ ಅಕ್ಷರದಲ್ಲಿ, ಅರವತ್ತೆರಡು ದಪ್ಪ ಅಕ್ಷರದಲ್ಲಿ. ಹಾಲೇಶ್ ಮೊದಲಿನಿಂದಲೂ ದಪ್ಪಕ್ಕೇ ಒಲಿದವನು.

"ಒಂದ್ಸಲ ತಕ್ಕಡಿ ಹತ್ತಿ ನೋಡಬಾರದಾ?" ಪ್ರಿಯಾಂಕ ಕೇಳಿದಳು.

"ಡಾಕ್ಟರನ್ನೇ ಕೈಗೆ ಕಟ್ಕಂಡಿದೀನಿ, ತಕ್ಕಡಿ ಯಾಕೆ?"

ಆ ಮಾತು ಮುಗಿಯುವುದರೊಳಗೆ ಅವನ ಅಂಗಿಯ ಗುಂಡಿಯೊಂದು ಹಾರಿ ಸಾರಿನ ಪಾತ್ರೆಗೆ ಟಣ್ಣೆಂದು ಬಡಿಯಿತು. ಪ್ರಿಯಾಂಕ ಅದನ್ನು ಸೌಟಿನಿಂದ ಮೇಲೆತ್ತಿ ಹಿಡಿದಳು. "ಇದೇನ್ರೀ?"

"ಮಸಲ್ ಬರ್ತಾ ಐತೆ."

"ಹೊಟ್ಟೇಲಾ?"

"ಅದಕ್ಕೆ ಕೋರ್ ಅಂತಾರೆ."

"ನಮ್ಮ ಕೊರಟಗೆರೇಲಿ ಬೊಜ್ಜು ಅಂತಾರೆ."

ತುಲಾಭಾರದ ಹಿಂದಿನ ದಿನ ಹಾಲೇಶ್ ಅತ್ತೆಗೆ ತಾನೇ ಫೋನು ಮಾಡಿದ. "ಧೈರ್ಯವಾಗಿರಿ. ಒಂದೆರಡು ಅಚ್ಚು ಬೆಲ್ಲ ಮಿಕ್ಕಿದರೂ ಮಿಗಬಹುದು, ಪಾಯಸಕ್ಕೆ ಇಟ್ಕಳಿ." ಅತ್ತೆ ಆ ರಾತ್ರಿ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದರಂತೆ. ಅದೇ ಸಂತೋಷದಲ್ಲಿ ಬೀಗರು, ನೆಂಟರು, ಬೀದಿಯವರು, ಎಲ್ಲರಿಗೂ ಊಟಕ್ಕೆ ಹೇಳಿಬಿಟ್ಟರು.

ಮಾರನೆಯ ದಿನ ವೀರಭದ್ರಸ್ವಾಮಿಯ ಗುಡಿಯ ತೊಲೆಗೆ ದೊಡ್ಡ ತಕ್ಕಡಿ ತೂಗುಬಿದ್ದಿತ್ತು. ಪೂಜಾರಿ ನಂದೀಶ್ವರಯ್ಯ ಮಂತ್ರ ಹೇಳಿ, ಹೂವು ಹಾಕಿ, ಹಾಲೇಶನನ್ನು ಒಂದು ತಟ್ಟೆಯಲ್ಲಿ ಕೂರಿಸಿದರು. ತಟ್ಟೆ ದಢಕ್ಕೆಂದು ನೆಲಕ್ಕೆ ಕೂತಿತು. ಅದು ಸಹಜವೇ, ಆಚೆ ತಟ್ಟೆ ಇನ್ನೂ ಖಾಲಿ. ಮಾವ ಶಂಕರಲಿಂಗಪ್ಪ ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಪೇರಿಸತೊಡಗಿದರು. ಹಾಲೇಶ್ ಮೇಲೇಳಲು ಸಿದ್ಧನಾಗಿ, ಬೀಳದಂತೆ ಸರಪಳಿ ಹಿಡಿದು, ಫೋಟೊಗೆ ಮುಗುಳ್ನಕ್ಕ.

ಬೆಲ್ಲ ಅರ್ಧವಾಯಿತು. ಮುಕ್ಕಾಲಾಯಿತು. ಮಾವ ಕೊನೆಯ ಅಚ್ಚನ್ನು ಇಟ್ಟು, ಪಂಚೆಯ ತುದಿಗೆ ಕೈ ಒರೆಸಿಕೊಂಡು ಹಿಂದೆ ಸರಿದರು. ಹಾಲೇಶನ ತಟ್ಟೆ ನೆಲ ಬಿಡಲಿಲ್ಲ. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮುಗುಳ್ನಗೆ ಮುಖದ ಮೇಲೆ ಹಾಗೇ ಒಣಗಿತು. ಓಲಗದವನು ಕೂಡ ಊದುವುದನ್ನು ಮರೆತ.

"ಸರಪಳಿ ಎಲ್ಲೋ ಸಿಕ್ಕಾಕ್ಕಂಡಿರಬೇಕು," ಎಂದ ಹಾಲೇಶ್.

ನಂದೀಶ್ವರಯ್ಯ ಎಳೆದು ನೋಡಿದರು. "ಸರಪಳಿ ನೆಟ್ಟಗೈತೆ."

ಹಾಲೇಶ್ ಫೋನು ತೆಗೆದು ಇಳಿಜಾರಿನ ಗೆರೆ ತೋರಿಸಿದ. "ನೋಡಿ ಅಯ್ನೋರೆ, ಅರವತ್ತೆರಡು ಅಂತ ಬರೆದೈತೆ."

"ಬರೆದಿರೋದು ಫೋನಿನಾಗೆ. ಅಂಗಿದ್ರೆ ಫೋನೇ ಕೂರಿಸಬೇಕಿತ್ತು, ನೀವ್ಯಾಕೆ ಕೂತ್ರಿ?"

ಮುಂದಿನದು ಕಂಡವರು ಮರೆಯುವಂಥದ್ದಲ್ಲ. ಹಾಲೇಶ್ ಕೂತಲ್ಲೇ ಹಗುರಾಗಲು ಹೊರಟ. ಫೋನು ಹೋಯಿತು, ಪರ್ಸು ಹೋಯಿತು, ಜರಿಶಲ್ಯ ಹೋಯಿತು, ಕೊರಳ ಹಾರ ಹೋಯಿತು, ಬೆಳ್ಳಿ ಉಡಿದಾರ ಹೋಯಿತು. ಬಿಚ್ಚಕೂಡದೆಂದು ಅಂಗಡಿಯವನು ಹೇಳಿದ್ದ ಪಟ್ಟಿಯೂ ಹೋಯಿತು. "ಕೊರಳ ಲಿಂಗ, ಮೈಮೇಲಿನ ಪಂಚೆ, ಎರಡಕ್ಕೂ ಕೈ ಹಾಕಬ್ಯಾಡಿ," ಎಂದು ಪೂಜಾರಿ ಮೊದಲೇ ಎಚ್ಚರಿಸಿದರು. ಇಷ್ಟೆಲ್ಲ ಕಳಚಿದರೂ ತಕ್ಕಡಿ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು.

ನೆಂಟರ ಸಾಲಿನಲ್ಲಿ ನಗೆ ಎದ್ದಿತು. ಆದರೆ ಹಾಲೇಶನ ಕಣ್ಣು ಅತ್ತೆಯ ಮೇಲೆ ಬಿತ್ತು. ಸರ್ವಮಂಗಳಾ ನಗುತ್ತಿರಲಿಲ್ಲ. ಸೆರಗನ್ನು ಬಾಯಿಗೊತ್ತಿ ಗರ್ಭಗುಡಿಯ ಕಡೆ ನೋಡುತ್ತಿದ್ದರು.

"ಸ್ವಾಮಿ ಒಲ್ಲೆ ಅಂತಾವ್ನೆ," ಎಂದರು ಮೆಲ್ಲಗೆ. "ಮಗನಂತ ಅಳಿಯಂದ್ರು ಉಳ್ಕಂಡ್ರು ಅಂದ್ಕಂಡಿದ್ದೆ. ನನ್ನ ಹರಕೆ ಒಲ್ಲೆ ಅಂದ್ಬುಟ್ಟ."

ಗುಂಡಿ ಹಾರಿದಾಗ, ಬಿಸಿಲಲ್ಲಿ ಬಿದ್ದಾಗ, ತಟ್ಟೆ ಏಳದಾಗ ಆಗದ ಆಘಾತ ಹಾಲೇಶನಿಗೆ ಈಗ ಆಯಿತು. ತನ್ನ ಹೊಟ್ಟೆಯ ಭಾರ ಈ ಹೆಂಗಸಿನ ಎದೆಯ ಮೇಲೆ ಕೂತಿದೆ. ಅವನು ಬರಿಮೈಯಲ್ಲಿ, ತಟ್ಟೆಯೊಳಗೆ ಮಂಡಿ ಮಡಿಸಿಕೊಂಡೇ ಕೈಮುಗಿದ.

"ಅತ್ತೆ, ಸ್ವಾಮೀದು ಏನೂ ತಪ್ಪಿಲ್ಲ. ನಾನು ನಡೀಲೇ ಇಲ್ಲ. ಮೂರು ತಿಂಗಳು ಮುದ್ದೆ ತಿರುವಿ ತಿರುವಿ ಅದನ್ನೇ ಹೆಜ್ಜೆ ಅಂದ್ಕಂಡೆ. ತಿರುವಿದ್ದನ್ನೆಲ್ಲ ತಿಂದೆ." ಎಂದು ಇಳಿಯಲು ಹೋದ.

"ಇಳೀಬ್ಯಾಡಿ," ಪೂಜಾರಿ ಗದರಿದರು. "ಸಮ ಆಗದೆ ಇಳಿಯಂಗಿಲ್ಲ."

"ಹಂಗಾದ್ರೆ ಎಷ್ಟು ದಿನ ಕೂತಿರಬೇಕು ಅಯ್ನೋರೆ?"

"ಅದು ನೀವು ಎಷ್ಟು ಬೇಗ ಸೊರಗ್ತೀರಿ ಅನ್ನೋದರ ಮೇಲೈತೆ."

ಅಷ್ಟರಲ್ಲಿ ಪ್ರಿಯಾಂಕ ಮುಂದೆ ಬಂದಳು. "ಅವ್ವಾ, ಊಟಕ್ಕೆ ಅಂತ ತಂದೀವಲ್ಲ, ಆ ರಾಗಿಹಿಟ್ಟಿನ ಚೀಲ ಎಲ್ಲೀದು?"

"ನಿಮ್ಮ ಬಡವನಹಳ್ಳಿ ಮಾವಂದೇ ಕಣಮ್ಮ. ಅದೇ ಹೊಲದ್ದು."

"ಅಯ್ನೋರೆ, ಅವ್ವ ಹರಕೆ ಹೊತ್ತಿದ್ದು ತೌರು ಮಣ್ಣಲ್ಲಿ ಬೆಳೆದದ್ದು ಅಂತ. ರಾಗಿ ನಡೀತದಾ?"

ನಂದೀಶ್ವರಯ್ಯ ಗಡ್ಡ ನೀವಿಕೊಂಡು ಒಳಗಿನ ಸ್ವಾಮಿಯನ್ನೊಮ್ಮೆ, ತಟ್ಟೆಯಲ್ಲಿನ ಅಳಿಯನನ್ನೊಮ್ಮೆ ನೋಡಿದರು. "ರಾಗಿ ಬ್ಯಾಡ ಅಂತ ಸ್ವಾಮಿ ಯಾವತ್ತಂದವ್ನೆ? ಹಾಕ್ರಿ."

ಶಂಕರಲಿಂಗಪ್ಪ ಇಡೀ ಚೀಲವನ್ನು ಹೆಗಲಿಗೇರಿಸಿ ತಂದು ಬೆಲ್ಲದ ಮೇಲೆ ಇಳಿಸಿದರು. ತಕ್ಕಡಿ ಕಿರ್ರೆಂದಿತು. ಹಾಲೇಶನ ತಟ್ಟೆ ನೆಲ ಬಿಟ್ಟಿತು. ಮೆಲ್ಲಮೆಲ್ಲನೆ ಏರಿ, ಅತ್ತಿತ್ತ ತೂಗಿ, ಎರಡು ತಟ್ಟೆಗಳೂ ಒಂದೇ ಮಟ್ಟಕ್ಕೆ ಬಂದು ನಿಂತವು. ಓಲಗದವನಿಗೆ ಉಸಿರು ಮರಳಿತು.

"ಸ್ವಾಮಿ ಲೆಕ್ಕ ತಪ್ಪಾಕಿಲ್ಲ," ಎಂದರು ನಂದೀಶ್ವರಯ್ಯ, ಮಂಗಳಾರತಿ ಎತ್ತುತ್ತ. "ಬೆಲ್ಲದಷ್ಟು ಅಳಿಯ, ತಿಂದ ರಾಗಿಯಷ್ಟು ರಾಗಿ."

ಸರ್ವಮಂಗಳಾ ಅಳುತ್ತಲೇ ನಕ್ಕರು. ಹಾಲೇಶನನ್ನು ನಾಲ್ವರು ಹಿಡಿದು ಕೆಳಗಿಳಿಸಿದರು. ಅವನು ಶಲ್ಯ ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ಕಂಬದ ಮರೆಗೆ ಹೋಗಿ ನಿಂತ. ಅಲ್ಲಿಂದ ಗರ್ಭಗುಡಿಯ ಬಾಗಿಲು ಕಾಣುತ್ತಿತ್ತು. ಅತ್ತೆ ಹೊಸ್ತಿಲ ಬಳಿ ಕೂತು, ಕಣ್ಣು ಮುಚ್ಚಿ, ಮತ್ತೆ ಕೈಮುಗಿದಿದ್ದರು. ಪಕ್ಕದಲ್ಲಿ ಪ್ರಿಯಾಂಕ.

"ಸ್ವಾಮೀ, ನೀನು ಒಪ್ಕಂಡೆ, ಅಷ್ಟೇ ಸಾಕು. ಇನ್ನೊಂದೇ ಒಂದು ಕೇಳ್ಕಂತೀನಿ. ನಮ್ಮ ಅಳಿಯಂದ್ರ ಮೈ ಒಸಿ ಇಳಿಸ್ಕೊಡು. ಇಳಿಸಿದ್ರೆ ಅವರ ತೂಕದ..."

ಪ್ರಿಯಾಂಕ ಗಬಕ್ಕನೆ ತಾಯಿಯ ಬಾಯಿ ಮುಚ್ಚಿದಳು.

"ತೂಕದ ಮಾತು ಬ್ಯಾಡ ಕಣವ್ವಾ. ಒಂದು ತೆಂಗಿನಕಾಯಿ ಅನ್ನು."