ನಾಲ್ಕು ಸೆಕೆಂಡಿಗೊಂದು ಹೂಂ

ಹಾವೇರಿ ಜಿಲ್ಲೆಯಲ್ಲಿ ಮೇಲಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಕೆಳಗಿನವರು ಮೊದಲು ಫೋನ್ ಇಡುವುದಿಲ್ಲ. ಇದು ಯಾವ ಗೆಜೆಟ್ಟಿನಲ್ಲೂ ಪ್ರಕಟವಾದ ನಿಯಮವಲ್ಲ. ಆದರೂ ಏಕಗವಾಕ್ಷಿ ಬೀಜ ಸೇವಾ ಕೋಶದಲ್ಲಿ, ಸಾಹೇಬರ ಮಾತು ಮುಗಿಯಿತೆಂದು ತಿಳಿದು ತಾನೇ ಫೋನ್ ಇಟ್ಟ ಒಬ್ಬ ಗುಮಾಸ್ತ ಮರುವಾರವೇ ಹಿರೇಕೆರೂರಿಗೆ ವರ್ಗವಾಗಿ ಹೋದ. ಅಂದಿನಿಂದ ಸಾಹೇಬರು ಫೋನ್ ಇಡಲು ಮರೆತು ಊಟಕ್ಕೆ ಹೋದರೂ ಈ ಕಡೆಯವರು ಅದನ್ನು ಕಿವಿಗೆ ಹಚ್ಚಿಕೊಂಡೇ ಕೂತಿರುತ್ತಾರೆ.

ಈ ಕೋಶದ ತಾಂತ್ರಿಕ ಸಹಾಯಕಿ ಶೈಲಾ. ಒಂಬತ್ತು ವರ್ಷದಿಂದ ಗುತ್ತಿಗೆ ನೌಕರಿ. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಆಕೆಯನ್ನು ಕೆಲಸದಿಂದ ತೆಗೆದು ಏಪ್ರಿಲ್ ಎರಡಕ್ಕೆ ಮತ್ತೆ ತೆಗೆದುಕೊಳ್ಳುತ್ತಿದ್ದರು. ನಡುವಿನ ಒಂದು ದಿನವೂ ಆಕೆ ಕಚೇರಿಗೆ ಬಂದು ಕೆಲಸ ಮಾಡುತ್ತಿದ್ದಳು. ಆಕೆ ಬಂದಿಲ್ಲವೆಂದು ಎಲ್ಲರೂ ಮನಃಪೂರ್ವಕ ನಂಬುತ್ತಿದ್ದರು. ಆಕೆಗೆ ಬೇಕಾಗಿದ್ದದ್ದು ನೌಕರಿ ಕಾಯಂ ಆಗುವುದು, ಅಷ್ಟೇ. ಕಾಗಿನೆಲೆಯಲ್ಲಿದ್ದ ತಾಯಿ ಹೊನ್ನವ್ವ ದಿನಾ ಸಂಜೆ ಫೋನ್ ಮಾಡಿ ಕೇಳುತ್ತಿದ್ದದ್ದೂ ಅದನ್ನೇ.

"ಕಾಯಂ ಆತೇನು, ಶೈಲವ್ವಾ?"

"ಇನ್ನೂ ಇಲ್ಲ ಬೇ."

ಕೋಶದ ಕೆಲಸ ಬಹಳ ಸರಳ. ರೈತರು ತಮ್ಮ ಊರಿನ ಕೌಂಟರಿನಲ್ಲಿ ಸಹಾಯಧನದ ಗೋವಿನಜೋಳದ ಬೀಜಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಆ ಕೋರಿಕೆ ಹಾವೇರಿಯ ಗೇಟ್‌ವೇಗೆ ಬರುತ್ತದೆ. ಬಂದವರನ್ನು ಸರಿಯಾದ ಬಾಗಿಲಿಗೆ ಕಳಿಸುವ ಯಂತ್ರ ಅದು. ಕಚೇರಿಯ ಜವಾನ ಮಾಡುವ ಕೆಲಸವನ್ನೇ ಮಾಡುತ್ತದೆ, ಕೈ ಮಾತ್ರ ಚಾಚುವುದಿಲ್ಲ. ಗೇಟ್‌ವೇ ರಾಣೆಬೆನ್ನೂರಿನ ದಾಸ್ತಾನು ಶಾಖೆಯ ಸರ್ವರನ್ನು ಬೀಜ ಇದೆಯೇ ಎಂದು ಕೇಳುತ್ತದೆ. ಅದು ಇದೆ ಎಂದರೆ ಚೀಟಿ ಹೊರಬೀಳುತ್ತದೆ. ಒಬ್ಬೊಬ್ಬ ರೈತನಿಗೂ ಹೊಸದಾಗಿ ಫೋನ್ ಹಚ್ಚುವ ತ್ರಾಸು ಬೇಡವೆಂದು ಎರಡೂ ಯಂತ್ರಗಳು ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಲೈನು ಹಿಡಿದಿರುತ್ತವೆ. ಎಷ್ಟು ಹೊತ್ತು ಹಿಡಿದಿರಬೇಕೆಂಬ ಲೆಕ್ಕಕ್ಕೆ ಕೀಪ್-ಅಲೈವ್ ಟೈಮ್‌ಔಟ್ ಎಂದು ಹೆಸರು.

ಹಾವೇರಿಯಲ್ಲಿ ಅದನ್ನು ಅರವತ್ತು ಸೆಕೆಂಡಿಗೆ ಇಟ್ಟಿದ್ದರು, ರಾಣೆಬೆನ್ನೂರಿನಲ್ಲಿ ಐದಕ್ಕೆ. ಹೀಗಾಗಿ ರೈತರ ನಡುವೆ ಐದು ಸೆಕೆಂಡಿಗಿಂತ ಹೆಚ್ಚು ಬಿಡುವಾಯಿತೋ, ರಾಣೆಬೆನ್ನೂರು ಫೋನ್ ಇಟ್ಟುಬಿಡುತ್ತಿತ್ತು. ಅದು ಗೊತ್ತಿಲ್ಲದ ಹಾವೇರಿ ಅದೇ ಲೈನಿನಲ್ಲಿ ಮುಂದಿನ ರೈತನ ಹೆಸರು ಹೇಳುತ್ತಿತ್ತು. ಕೇಳುವವರು ಯಾರೂ ಇಲ್ಲದ್ದರಿಂದ ಕೌಂಟರಿನ ಪರದೆಯ ಮೇಲೆ ೫೦೨ ಎಂಬ ದೋಷಸಂಖ್ಯೆ ಮೂಡುತ್ತಿತ್ತು. ಅದನ್ನು ತಮ್ಮ ಪಾಳಿಯ ನಂಬರೆಂದು ತಿಳಿದ ರೈತರು ತಣ್ಣಗೆ ಕಾಯುತ್ತ ಕೂತರು. ಮೇ ತಿಂಗಳ ಕೊನೆಯ ಹೊತ್ತಿಗೆ ಒಂದೇ ಕೌಂಟರಿನಲ್ಲಿ ೫೦೨ನೇ ಪಾಳಿಯವರು ನಲವತ್ತು ಮಂದಿ ಇದ್ದರು. ಅವರಲ್ಲಿ ಹೊನ್ನವ್ವನೂ ಒಬ್ಬಳು. ಬಿತ್ತನೆ ಶುರುವಾಗುವ ಮಿರಗದ ಮಳೆಗೆ ಹದಿನೈದು ದಿನವಿತ್ತು.

ರೋಗ ಏನೆಂದು ಶೈಲಾ ಅರ್ಧ ಗಂಟೆಯಲ್ಲಿ ಕಂಡುಹಿಡಿದಳು. ರಾಣೆಬೆನ್ನೂರಿನ ಐದನ್ನು ಎಪ್ಪತ್ತೈದು ಮಾಡಿದರೆ ಸಾಕು. ಒಂದು ಕಡತ, ಅದರಲ್ಲಿ ಒಂದು ಸಾಲು. ಆಕೆ ಉಪನಿರ್ದೇಶಕ ರಘೋತ್ತಮರ ಮುಂದೆ ನಿಂತು ಹೇಳಿದಳು.

ರಘೋತ್ತಮರು ಕನ್ನಡಕ ತೆಗೆದರು. "ನಮ್ಮದೆಷ್ಟು ಅದ?"

"ಅರವತ್ತು ರೀ ಸರ್."

"ಜಿಲ್ಲಾದ್ದು ಅರವತ್ತು, ತಾಲೂಕಿಂದು ಎಪ್ಪತ್ತೈದು. ಇದು ಹ್ಯಾಂಗ್ ಬರತದ್ರೀ?"

"ಹಂಗಾರ ನಮ್ಮದನ್ನ ನಾಲ್ಕ ಮಾಡೂಣ್ರಿ ಸರ್. ಅದೂ ನಡೀತೈತಿ."

"ಜಿಲ್ಲಾ ಕಚೇರಿ ಘನತೆ ನಾಲ್ಕಕ್ಕ ಇಳೀಬೇಕು ಅಂತೀರೇನು?"

ಶೈಲಾ ಬೇರೆ ದಾರಿ ಹಿಡಿದಳು. ಫೋನಿನ ಉದಾಹರಣೆ ಕೊಟ್ಟಳು. ಕಿರಿಯರು ಮೊದಲು ಫೋನ್ ಇಡಬಾರದಲ್ಲವೇ? ಅದಕ್ಕೆ ಕಿರಿಯರ ತಾಳ್ಮೆ ಹಿರಿಯರದ್ದಕ್ಕಿಂತ ಜಾಸ್ತಿ ಇರಬೇಕು, ಅಷ್ಟೇ. ರಘೋತ್ತಮರ ಮುಖ ಅರಳಿತು. ಹದಿನೆಂಟು ವರ್ಷದ ಸೇವೆಯಲ್ಲಿ ಕಂಪ್ಯೂಟರಿನ ವಿಷಯ ಅವರಿಗೆ ತಿಳಿದದ್ದು ಇದೇ ಮೊದಲು.

"ಅಂದ್ರ ಆ ರಾಣೆಬೆನ್ನೂರಿನ ಸರ್ವರ್ರು ನಮ್ಮ ಮಾತು ಬಾಕಿ ಇರೂವಾಗನ ಫೋನ್ ಇಡಾಕತ್ತದ ಅಂದಂಗಾತು. ಇದು ತಾಂತ್ರಿಕ ವಿಷಯ ಅಲ್ರೀ ಶೈಲಾ. ಶಿಸ್ತಿನ ವಿಷಯ."

ಅಂದೇ ನೋಟಿಸು ಹೊರಟಿತು.

"ವಿಷಯ: ಜಿಲ್ಲಾ ಗೇಟ್‌ವೇಯ ಮಾತು ಬಾಕಿ ಇರುವಾಗಲೇ ಸಂಪರ್ಕ ಕಡಿದು ಅಶಿಸ್ತು ತೋರಿದ ಬಗ್ಗೆ. ಸದರಿ ಸರ್ವರು ಈ ನೋಟಿಸು ತಲುಪಿದ ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಸರ್ವರಿನ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ನೋಟಿಸನ್ನು ಹಿರಿಯ ಗುಮಾಸ್ತ ಮಲ್ಲೇಶಪ್ಪ ಖುದ್ದಾಗಿ ಬಸ್ಸಿನಲ್ಲಿ ಒಯ್ದರು. ಸರ್ವರು ಸಹಿ ಮಾಡಿ ಸ್ವೀಕರಿಸದ ಕಾರಣ ಇಬ್ಬರು ಪಂಚರ ಸಮಕ್ಷಮ ಅದರ ಮೈಮೇಲೆಯೇ ಅಂಟಿಸಿದರು. ನೋಟಿಸು ಸರಿಯಾಗಿ ಗಾಳಿಕಿಂಡಿಯ ಮೇಲೆ ಕೂತಿದ್ದರಿಂದ ಸರ್ವರು ಬಿಸಿಯೇರಿ ಎರಡು ತಾಸು ಬಂದ್ ಆಯಿತು. ಇದನ್ನು ರಘೋತ್ತಮರು ಕಡತದಲ್ಲಿ "ತಪ್ಪಿನ ಅರಿವಾದ ಲಕ್ಷಣ" ಎಂದು ದಾಖಲಿಸಿದರು.

ಸರ್ವರಿನ ಪರವಾಗಿ ಉತ್ತರ ಬರೆದವನು ದಾಸ್ತಾನು ಶಾಖೆಯ ಮುಖ್ಯಸ್ಥ ಕೊಟ್ರೇಶ. ಆಸಾಮಿ ಸೇವಾ ನಿಯಮಗಳನ್ನು ಅರೆದು ಕುಡಿದವನು. ತನ್ನ ಸರ್ವರು ಸರಕಾರಿ ಸೇವೆಗೆ ಸೇರಿದ್ದು ೨೦೧೬ರಲ್ಲಿ; ಹಾವೇರಿಯ ಗೇಟ್‌ವೇ ಸೇರಿದ್ದು ೨೦೧೯ರಲ್ಲಿ. ಸೇವಾ ಜ್ಯೇಷ್ಠತೆಯ ಪ್ರಕಾರ ರಾಣೆಬೆನ್ನೂರೇ ಹಿರಿದು. ಹಿರಿಯರು ಮೊದಲು ಫೋನ್ ಇಡುವುದು ಸಂಪ್ರದಾಯವಾದ್ದರಿಂದ ತಪ್ಪೇನೂ ಘಟಿಸಿಲ್ಲ. ಬದಲಿಗೆ, ಹಿರಿಯರು ಫೋನ್ ಇಟ್ಟ ಮೇಲೂ ಐವತ್ತೈದು ಸೆಕೆಂಡು ಮಾತಾಡುತ್ತಲೇ ಇರುವ ಗೇಟ್‌ವೇಯ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂದು ಆತ ವಿನಯಪೂರ್ವಕ ಕೇಳಿದ್ದ. ಜೊತೆಗೆ ಎರಡೂ ಯಂತ್ರಗಳ ಖರೀದಿ ರಸೀತಿಯ ದೃಢೀಕೃತ ನಕಲು ಲಗತ್ತಿಸಿದ್ದ.

ರಘೋತ್ತಮರು ಉತ್ತರವನ್ನು ಎರಡು ಸಲ ಓದಿ, ರಸೀತಿಗಳ ತಾರೀಖುಗಳನ್ನು ತಾವೇ ತಾಳೆ ನೋಡಿದರು. ಮಳೆಗೆ ಎಂಟು ದಿನ ಉಳಿದಿತ್ತು.

ಜಂಟಿ ಸಭೆ ಕರೆಯಬೇಕಾಯಿತು. ಹಾವೇರಿಗೆ ಹೋದರೆ ಕೊಟ್ರೇಶ ಸಣ್ಣವನಾಗುತ್ತಾನೆ, ರಾಣೆಬೆನ್ನೂರಿಗೆ ಹೋದರೆ ರಘೋತ್ತಮರು ಸಣ್ಣವರಾಗುತ್ತಾರೆ. ಆದ್ದರಿಂದ ಯಾರೂ ಸಣ್ಣವರಾಗದಂತೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಗೋದಾಮಿನ ಪಕ್ಕದ ಒಂದು ಸಭಾಂಗಣ ಗೊತ್ತು ಮಾಡಿದರು. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅವರು ಆ ಸಭಾಂಗಣದಲ್ಲಿ ಕೂತಿಲ್ಲ. ಸಭೆಯ ಮೊದಲ ಇಪ್ಪತ್ತು ನಿಮಿಷ ಬರೀ ಸೀನುವುದರಲ್ಲಿ ಕಳೆಯಿತು. ನಡಾವಳಿಯಲ್ಲಿ ಇದನ್ನು "ಪರಸ್ಪರ ಅಭಿಪ್ರಾಯ ವಿನಿಮಯ" ಎಂದು ಬರೆದುಕೊಳ್ಳಲಾಯಿತು.

ಶೈಲಾ ಕೈಯಲ್ಲಿ ಒಂದು ಚೀಟಿ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಚೀಟಿಯಲ್ಲಿ ಎಪ್ಪತ್ತೈದು ಎಂಬುದನ್ನು ಬಿಟ್ಟು ಬೇರೇನೂ ಇರಲಿಲ್ಲ. ಈ ಸಲ ಎದ್ದು ನಿಂತು ಎಲ್ಲರಿಗೂ ತಿಳಿಯುವಂತೆ ಹೇಳಿಯೇ ಬಿಡಬೇಕೆಂದು ನಿರ್ಧರಿಸಿಕೊಂಡು ಬಂದಿದ್ದಳು. ಅಷ್ಟರಲ್ಲಿ ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡರು.

"ಸರ್, ನಂದೊಂದು ಸಣ್ಣ ಸಲಹಾ ಐತ್ರಿ. ತಾವು ಫೋನಿನ್ಯಾಗ ಮಾತಾಡೂ ಮುಂದ ನಾ ಏನ್ ಮಾಡತೇನ್ರಿ? ನಡುನಡುವ ಹೂಂ ರೀ, ಹೂಂ ರೀ ಅಂತಿರತೇನಿ. ಅಂದ್ರ ಲೈನ್ ಐತಿ ಅಂತ ತಮಗ ಗೊತ್ತಾಕ್ಕೈತಿ. ಈ ಮಷೀನಿಗೂ ಯಾರರ ಐದು ಸೆಕೆಂಡ್ ಆಗೂದರಾಗ ಒಂದು ಹೂಂ ಅಂದ್ರ, ಅದು ಫೋನ್ ಇಡೂದರ ಹ್ಯಾಂಗ್ರಿ?"

ಸಭೆ ಸೀನುವುದನ್ನು ನಿಲ್ಲಿಸಿತು. ಅರವತ್ತು ಅರವತ್ತಾಗಿಯೇ ಉಳಿಯುತ್ತದೆ, ಐದು ಐದಾಗಿಯೇ ಉಳಿಯುತ್ತದೆ, ಯಾರ ಘನತೆಗೂ ಧಕ್ಕೆಯಿಲ್ಲ. ಕೊಟ್ರೇಶ ಎದ್ದು ಬಂದು ರಘೋತ್ತಮರ ಕೈ ಕುಲುಕಿದ.

"ಮಾಡೂದು ಖರೇ, ಆದ್ರ ಹೂಂ ಅನ್ನೂವರು ಯಾರ್ರೀ?" ಕೊಟ್ರೇಶ ಕೇಳಿದ. "ಗುತ್ತಿಗಿಯವರು ಹೂಂ ಅಂದ್ರ ಅದಕ್ಕ ಕಾನೂನಿನ ಬಲ ಇರೂದಿಲ್ಲ. ನಾಳೆ ಆಡಿಟ್‌ನವರು ಹಿಡೀತಾರು."

ಅದಕ್ಕೂ ಮಲ್ಲೇಶಪ್ಪನವರ ಬಳಿ ಪರಿಹಾರವಿತ್ತು. ಟೈಪ್‌ರೈಟರು ಹೋದಾಗಿನಿಂದ ಕೋಶದಲ್ಲಿ ಬೆರಳಚ್ಚುಗಾರರ ಒಂದು ಕಾಯಂ ಹುದ್ದೆ ಖಾಲಿ ಬಿದ್ದಿತ್ತು. ನಾಲ್ಕು ಸೆಕೆಂಡಿಗೊಮ್ಮೆ ಒಂದೇ ಕೀಲಿ ಒತ್ತಿದರೂ ಅದು ಬೆರಳಚ್ಚೇ. ಒಂಬತ್ತು ವರ್ಷ ನಿಷ್ಠೆಯಿಂದ ದುಡಿದ ಶೈಲಾಳನ್ನು ಅದಕ್ಕೆ ತೆಗೆದುಕೊಂಡರೆ ಒಳ್ಳೆಯ ಕೆಲಸ ಮಾಡಿದ ಪುಣ್ಯವೂ ಬರುತ್ತದೆ.

ಎಲ್ಲರೂ ತಿರುಗಿ ಹಿಂದಿನ ಸಾಲು ನೋಡಿದರು. "ತಾಂತ್ರಿಕವಾಗಿ ಇದಕ್ಕ ಏನಾರ ತಕರಾರು ಅದ ಏನ್ರೀ ಶೈಲಾ?" ರಘೋತ್ತಮರು ಕೇಳಿದರು.

ಶೈಲಾ ಎದ್ದು ನಿಂತಳು. ಕಣ್ಣು ಉರಿಯುತ್ತಿತ್ತು, ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು ಎಂದು ಹೇಳುವುದು ಕಷ್ಟ. ಪಕ್ಕಕ್ಕೆ ಬಂದ ಮಲ್ಲೇಶಪ್ಪ ಮೆಲ್ಲಗೆ, "ಕಾಯಂ ಐತ್ ಬೇ ತಂಗಿ. ವಿಚಾರ ಮಾಡು," ಅಂದರು. ಆಕೆ ವಿಚಾರ ಮಾಡಿದಳು. ಒಂಬತ್ತು ವರ್ಷದ ಏಪ್ರಿಲ್ ಒಂದನೇ ತಾರೀಖುಗಳು ಕಣ್ಣ ಮುಂದೆ ಬಂದವು. ಚೀಟಿಯನ್ನು ಮಡಚಿ ಕರವಸ್ತ್ರದೊಳಗೆ ಇಟ್ಟುಕೊಂಡಳು.

"ಏನೂ ಇಲ್ಲ ರೀ ಸರ್."

ಆದೇಶ ನಾಲ್ಕೇ ದಿನದಲ್ಲಿ ಬಂತು. ಹುದ್ದೆಯ ಹೆಸರು "ಸಂಪರ್ಕ ಜಾಗೃತಿ ಬೆರಳಚ್ಚುಗಾರ್ತಿ". ಕರ್ತವ್ಯಗಳು ಕೆಳಕಂಡಂತಿದ್ದವು: ಕಚೇರಿ ವೇಳೆಯಲ್ಲಿ ಪ್ರತಿ ನಾಲ್ಕು ಸೆಕೆಂಡಿಗೊಮ್ಮೆ ಎಂಟರ್ ಕೀಲಿಯನ್ನು ಬಲಗೈಯಿಂದ ಒತ್ತತಕ್ಕದ್ದು. ಈ ಕೆಲಸವನ್ನು ಯಂತ್ರಕ್ಕೆ ವಹಿಸತಕ್ಕದ್ದಲ್ಲ, ಯಂತ್ರಕ್ಕೆ ಸೇವಾ ಪುಸ್ತಕ ಇಲ್ಲದ ಕಾರಣ. ಊಟದ ವೇಳೆ ಒಂದೂವರೆಯಿಂದ ಎರಡೂವರೆವರೆಗೆ ಸಂಪರ್ಕ ಇರುವುದಿಲ್ಲ, ಸಾರ್ವಜನಿಕರು ಸಹಕರಿಸತಕ್ಕದ್ದು.

ಪದ್ಧತಿ ಜಾರಿಯಾದ ದಿನವೇ ದೂರುಗಳು ಇಳಿದವು. ರಘೋತ್ತಮರು ಆಕೆಯ ಹಿಂದೆ ನಿಂತು ಹತ್ತು ಹೂಂ ನೋಡಿ, ಭಾಳ ಛಲೋ ಅದ ಅಂದು ಹೋದರು. ಶೈಲಾಳ ಹಳೆಯ ಗುತ್ತಿಗೆ ಜಾಗಕ್ಕೆ ದಿಲನಾಜ ಎಂಬ ಹುಡುಗಿಯನ್ನು ತೆಗೆದುಕೊಂಡರು. ಚುರುಕು ಹುಡುಗಿ, ಬಂದ ಮೂರನೆಯ ದಿನವೇ ಕಂಪ್ಯೂಟರಿನಲ್ಲಿ ರಾಣೆಬೆನ್ನೂರು ಸರ್ವರಿನ ಕಡತ ತೆರೆದು ಓದತೊಡಗಿದ್ದಳು.

ಬೀಜದ ಚೀಟಿಗೆ ಆ ಮೂರನೆಯ ದಿನವೇ ಕೊನೆಯ ದಿನ. ಎರಡು ಗಂಟೆಗೆ ಕೌಂಟರು ಬಂದ್. ಕಾಗಿನೆಲೆಯಲ್ಲಿ ಬೆಳಿಗ್ಗೆ ಏಳರಿಂದ ನಿಂತಿದ್ದ ಹೊನ್ನವ್ವನ ಪಾಳಿ ಬಂದದ್ದು ಒಂದೂ ಮುಕ್ಕಾಲಿಗೆ. ಶೈಲಾ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಫೋನ್ ಬಂತು.

"ಶೈಲವ್ವಾ, ಮತ್ತ ಅದ ನಂಬರ್ ಬಂತ ನೋಡು. ಐದುನೂರಾ ಎರಡು."

ಶೈಲಾಳ ಕೈ ನಿಂತಿತು. ಎಂಟರ್ ಕೀಲಿ ಒಂದು ಗೇಣು ದೂರದಲ್ಲಿತ್ತು. ರಘೋತ್ತಮರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪರೀಕ್ಷಾರ್ಥ ಅವಧಿಯಲ್ಲಿ ನಿಯಮ ಮೀರಿದವರ ಗತಿ ಏನೆಂದು ಆದೇಶದ ಕೊನೆಯ ಪ್ಯಾರಾದಲ್ಲಿ ಬರೆದಿತ್ತು.

"ಎರಡೂವರಿ ತನಕ ನಿಲ್ಲಾಕ ಆಕ್ಕೈತೇನ್ ಬೇ?"

"ಎರಡಕ್ಕ ಬಾಗಲಾ ಹಾಕ್ತಾರಂತ. ನೀ ಉಣ್ಣಾಕತ್ತೀಯೇನು?"

"ಹೂಂ."

"ಉಣ್ಣು, ಉಣ್ಣು. ಕಾಯಂ ನೌಕರಿಯವರು ಹೊತ್ತಿಗೆ ಸರಿಯಾಗಿ ಉಣಬೇಕು. ಬೀಜದ್ದೇನು, ಬರೂ ವರ್ಷಾನೂ ಬರತೈತಿ. ಪಾಳಿಯಾಗಿನವ್ರಿಗೆಲ್ಲಾ ಹೇಳೇನಿ, ಈ ಮಷೀನ್ ನಡಸೂದು ನನ್ನ ಮಗಳ ಅಂತ."

ಶೈಲಾಳಿಗೆ ನಾಚಿಕೆಯಾಯಿತು. ಮುರಿದ ರೊಟ್ಟಿಯನ್ನು ಡಬ್ಬಿಯಲ್ಲೇ ಇಟ್ಟಳು. ತಾಯಿ ಫೋನ್ ಇಡಲೆಂದು ಕಾದಳು. ಹಿರಿಯರು ತಾನೇ ಮೊದಲು ಇಡಬೇಕು? ಹೊನ್ನವ್ವ ಇಡಲಿಲ್ಲ. ಪಾಳಿಯ ಗದ್ದಲ ಕೇಳುತ್ತಲೇ ಇತ್ತು.

"ಇಡ ಬೇ," ಅಂದಳು ಶೈಲಾ.

"ನೀನ ಮೊದಲ ಇಡವ್ವಾ," ಅಂದಳು ತಾಯಿ. "ಈಗ ನೀ ಸರಕಾರದಾಕಿ."

ಶೈಲಾ ಫೋನ್ ಇಟ್ಟಳು.

ಎದುರಿನ ಮೇಜಿನಿಂದ ದಿಲನಾಜ ಕತ್ತು ಎತ್ತಿದಳು. "ಅಕ್ಕಾ, ಇಲ್ಲಿ ಒಂದು ಐದು ಐತ್ ನೋಡ್ರಿ. ಇದನ್ನ ಎಪ್ಪತ್ತೈದು ಮಾಡಿದ್ರ ಎಲ್ಲಾ ಸರಿ ಹೋಕ್ಕೈತಲ್ರೀ? ಊಟದ ಹೊತ್ತಿನ್ಯಾಗೂ ನಡೀತೈತಿ. ಮಾಡ್ಲೇನ್ರಿ?"

ಶೈಲಾ ಡಬ್ಬಿ ಮುಚ್ಚಿ ಕೈ ತೊಳೆದುಕೊಂಡು ಬಂದಳು. ಗಡಿಯಾರ ಎರಡೂವರೆ ತೋರಿಸುವವರೆಗೆ ಕಾದು, ಆಮೇಲೆ ಬಲಗೈಯನ್ನು ಕೀಲಿಯ ಮೇಲಿಟ್ಟಳು.

"ನಿನ್ನ ಗುತ್ತಿಗಿ ಯಾವಾಗ ಮುಗೀತೈತಿ, ದಿಲನಾಜ?"

"ಮಾರ್ಚಿಗೆ ರೀ ಅಕ್ಕಾ."

"ರಜಾ ಹಾಕಿದಾಗ ನನ್ನ ಬದಲಿ ಹೂಂ ಅನ್ನಾಕ ಇನ್ನೊಂದು ಕಾಯಂ ಹುದ್ದೆ ಬೇಕಂತ ಸಾಹೇಬರು ಬರದಾರ. ಆ ಕಡತ ಬೆಂಗಳೂರಿಗೆ ಹೋಗೈತಿ."

ದಿಲನಾಜ ಪರದೆಯ ಮೇಲಿನ ಐದನ್ನು ನೋಡಿದಳು. ಸುಮಾರು ನಾಲ್ಕು ಸೆಕೆಂಡು ನೋಡಿರಬೇಕು. ಆಮೇಲೆ ಕಡತ ಮುಚ್ಚಿದಳು.

"ಹೂಂ ರೀ ಅಕ್ಕಾ," ಅಂದಳು.