ಚಂದ್ರ ‘ಅಡ್ಡಿಲ್ಲೆ’ ಬಿಟ್ಟ ಭಾನುವಾರ

ಚಂದ್ರ ಸರಸಳನ್ನು ಮೊದಲು ಕಂಡದ್ದು ಕಿರಿಮಂಜೇಶ್ವರದ ಅವಳ ಮನೆಯ ಚಾವಡಿಯಲ್ಲಿ. ಅವನನ್ನು ಕೂರಿಸಿದ ಮರದ ಕುರ್ಚಿಗೆ ಒಂದು ಕಾಲು ಗಿಡ್ಡ. ಚೂರು ಅಲುಗಿದರೂ ‘ಟಕ್’ ಎನ್ನುತ್ತಿತ್ತು. ಹಾಗಾಗಿ ಉಸಿರನ್ನೂ ಹುಷಾರಾಗಿ ಬಿಡುತ್ತಾ ಕೂತಿದ್ದ. ಸರಸ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಬೆಲ್ಲದ ಕಾಫಿ ತಂದಳು. ಲೋಟ ಕೊಡುವಾಗ ತಲೆ ತಗ್ಗಿಸಲಿಲ್ಲ. ಅಂಗಡಿಯವನ ತಕ್ಕಡಿ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವವಳ ಹಾಗೆ ಅವನ ಮುಖವನ್ನೇ ನೋಡಿದಳು. ಚಂದ್ರನ ಎದೆಯಲ್ಲಿ ಚೆಂಡೆ ಶುರುವಾಯಿತು! ಮೀನುಗಾರರ ಮನೆಯ ಮೊದಲ ಬಿ.ಕಾಂ. ಪದವೀಧರ, ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಹೊಡೆದವ. ನಾಲಗೆಯ ತುದಿಯಲ್ಲಿ ಉಪಮೆಗಳು ಸಾಲುಗಟ್ಟಿ ನಿಂತಿದ್ದವು. ಅಷ್ಟರಲ್ಲಿ ಅವನ ಸೋದರಮಾವ ಎಲ್ಲರೆದುರೇ ಕೇಳಿಬಿಟ್ಟರು:

“ಹ್ವಾಯ್ ಚಂದ್ರ, ಹೆಣ್ಣ್ ಹ್ಯಾಂಗಿತ್ತ್?”

ಚಂದ್ರ ಬಾಯಿ ತೆರೆದ. ಹೊರಬಂದದ್ದು ಒಂದೇ ಮಾತು.

“ಅಡ್ಡಿಲ್ಲೆ.”

ಒಳಗೆ ಸ್ಟೀಲಿನ ತಟ್ಟೆಯೊಂದು ಬಿದ್ದ ಸದ್ದಾಯಿತು.

ಕುಂದಾಪುರದ ಕಡೆ ಈ ಒಂದು ಮಾತಿನಲ್ಲಿ ಬದುಕನ್ನೇ ದಾಟಿಬಿಡಬಹುದು. ಹೇಗೋ ನುಂಗಬಹುದು ಎನ್ನುವುದಕ್ಕೂ ಅಡ್ಡಿಲ್ಲೆ, ಸ್ವರ್ಗವೇ ಸಿಕ್ಕಿತು ಎನ್ನುವುದಕ್ಕೂ ಅಡ್ಡಿಲ್ಲೆ. ಒಪ್ಪಿಗೆಗೂ ಅದೇ, ಏನಾದರೂ ಆಗಲಿ ಬಿಡಿ ಎನ್ನುವುದಕ್ಕೂ ಅದೇ. ಹಾಗಾಗಿ ಮದುವೆಗೆ ಆ ಮಾತು ಅಡ್ಡಿಯಾಗಲಿಲ್ಲ. ಅಡ್ಡ ಬಂದದ್ದು ಕೋಟೇಶ್ವರದ ಗೇರುಬೀಜ ಕಾರ್ಖಾನೆಯಲ್ಲಿ.

ಅಲ್ಲಿ ಚಂದ್ರ ಆಫೀಸಿನ ಗುಮಾಸ್ತ. ಸರಸ ಬೀಜ ವಿಂಗಡಿಸುವ ಗ್ರೇಡಿಂಗ್ ವಿಭಾಗದ ಮೇಲ್ವಿಚಾರಕಿ. ಹೋದ ವರ್ಷ ಮೈಸೂರು ಕಡೆಯಿಂದ ಕೌಶಲ್ ಸಾರ್ ಹೊಸ ಮ್ಯಾನೇಜರಾಗಿ ಬಂದಾಗ ಕೇಳಿದರು, “ಕಂಪ್ಯೂಟರ್ ಹೇಗೆ ಚಂದ್ರ?” “ಅಡ್ಡಿಲ್ಲೆ ಸಾರ್.” “ಇಂಗ್ಲಿಷ್?” “ಅಡ್ಡಿಲ್ಲೆ ಸಾರ್.” ಅಷ್ಟಕ್ಕಷ್ಟೇ ಎಂದುಕೊಂಡರು ಸಾರ್. ಪಕ್ಕದ ಮೇಜಿನ ರತನ್ ಎಲ್ಲ ಪ್ರಶ್ನೆಗೂ “ಸೂಪರ್ ಸಾರ್!” ಎಂದ. ಹಿರಿಯ ಗುಮಾಸ್ತನ ಕುರ್ಚಿ ಅವನಿಗೆ ಹೋಯಿತು.

ಈಗ ಕಿರಿಮಂಜೇಶ್ವರದಲ್ಲಿ ಕಾರ್ಖಾನೆಯ ಹೊಸ ಘಟಕ ತೆರೆಯುತ್ತಿತ್ತು. ಅದಕ್ಕೊಬ್ಬ ಉಸ್ತುವಾರಿ ಬೇಕು. ಆ ಕೆಲಸಕ್ಕೆ ಚಂದ್ರ ಕನಸಿನಲ್ಲಿ ದಿನವೂ ಕೈ ಎತ್ತುತ್ತಿದ್ದ. ಎಚ್ಚರವಿದ್ದಾಗ ಮಾತ್ರ ಎತ್ತಿರಲಿಲ್ಲ.

“ಹ್ವಾಯ್, ಹಿಂಗೇ ಗ್ವಾಡಿಗ್ ಒರಗಿ ನಿಂತ್ಕಂಡಿರೆ, ಒಂದಿನ ಯಾರಾರೂ ನಿಮ್ ಮೇಲೇ ಕ್ಯಾಲೆಂಡರ್ ನೇತಾಕಿ ಹೋತ್ರ್!” ಎಂದಳು ಸರಸ.

ಮಾತು ನಾಟಿತು. ಭಾನುವಾರ ಬೆಳಿಗ್ಗೆ ಚಂದ್ರ ಕನ್ನಡಿಯೆದುರು ಎದೆ ಸೆಟೆಸಿ ನಿಂತು ಭೀಷಣ ಪ್ರತಿಜ್ಞೆ ಮಾಡಿದ. “ಇಂದಿನಿಂದ ಈ ನಾಲಗೆಯ ಮೇಲೆ ‘ಅಡ್ಡಿಲ್ಲೆ’ ಸುಳಿಯದು! ಕೇಳಿದ್ದಕ್ಕೆ ಸ್ಪಷ್ಟ ಉತ್ತರ! ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ! ಚಂದ್ರ ಇನ್ನು ನಿಂತು ನೋಡುವವನಲ್ಲ, ನುಗ್ಗುವವನು!”

ನುಗ್ಗಲು ಮೊದಲು ಸಿಕ್ಕಿದ್ದು ಮಧ್ಯಾಹ್ನದ ಮೀನು ಸಾರು. ಮಗಳ ಮನೆಗೆ ಬಂದಿದ್ದ ಅತ್ತೆ ಬಂಗುಡೆ ಸಾರು ಮಾಡಿ ಬಡಿಸಿ ಕೇಳಿದರು, “ಅಳಿಯಂದ್ರೆ, ಸಾರ್ ಹ್ಯಾಂಗಾಯ್ತ್?”

“ಅತ್ತೆ! ಅದ್ಭುತ! ಅಮೋಘ! ಇಂಥಾ ಸಾರ್ ಈ ಭೂಮಂಡಲದಲ್ಲೇ ಇಲ್ಲೆ!”

ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಮುಖ ಬಿಳಿಚಿಕೊಂಡಿತು.

“ಉಪ್ಪ್ ಜಾಸ್ತಿ ಆಯ್ತಾ?”

“ಛೆ ಛೆ, ಅದ್ಭುತ!”

“ಹುಳಿ ಕಮ್ಮಿಯಾ?”

“ಅತ್ಯದ್ಭುತ!”

“ಕಂಡ್ಯಾ ಸರಸ, ನಿನ್ ಗಂಡ ನನ್ನ್ ಹಂಗ್ಸುಕೆ ಶುರು ಮಾಡ್ರ್! ಸಮ ಆಯ್ಲಿಲ್ಲ ಅಂದ್ರೆ ಸಮ ಆಯ್ಲಿಲ್ಲ ಅಂದೇಳಿ ಹೇಳ್ಕ್. ಈ ನಮೂನಿ ಆಡ್ಕಂಡ್ ನೆಗಾಡುದಾ? ನಾನ್ ಹೋತೆ!”

‘ಬತ್ತೆ’ ಎನ್ನಲಿಲ್ಲ, ‘ಹೋತೆ’ ಎಂದರು! ಮತ್ತೆ ಬರುವ ಮಾತೇ ಇಲ್ಲ! ಅತ್ತೆ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

“ಎಂತಾ ಆಯ್ತ್ ನಿಮ್ಗೆ?” ಸರಸ ಚಪ್ಪಲಿ ಮೆಟ್ಟುತ್ತಲೇ ಸಿಡಿದಳು. “ಅಡ್ಡಿಲ್ಲೆ ಅಂದಿರೆ ಅಮ್ಮ ಖುಷಿಯಲ್ ಮತ್ತೆರಡ್ ಮೀನ್ ಬಡಿಸ್ತಿತ್ತ್! ಈಗ ನಾನೇ ಮನೆವರೆಗೆ ಹೋಯಿ ಸಮಾಧಾನ ಮಾಡ್ಕ್!”

ಚಂದ್ರ ಸಾರಿನ ಕೈಯಲ್ಲೇ ಹಿಂದೆ ಓಡಿದ. ಹೆದ್ದಾರಿಯ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ತಾಯಿ-ಮಗಳಿಬ್ಬರನ್ನೂ ಹೊತ್ತ, ಕಿರಿಮಂಜೇಶ್ವರದ ಮೇಲೆ ಹೋಗುವ ಬೈಂದೂರು ಬಸ್ಸು ಹೊರಟಾಗಿತ್ತು. ಆಗಲೇ ಫೋನು ಬಂತು. ಕೌಶಲ್ ಸಾರ್!

“ಚಂದ್ರ ಅವರೇ, ನಾನು ಕಿರಿಮಂಜೇಶ್ವರದಲ್ಲೇ ಇದ್ದೀನಿ…” ಬಸ್ಸಿನ ಹಾರನ್. “…ರತನ್…” ಲಾರಿಯ ಹಾರನ್. “…ಇಲ್ಲಿನ ಉಸ್ತುವಾರಿ…” ಇನ್ನೊಂದು ಹಾರನ್. “…ಅಡ್ಡಿಲ್ಲೆ ಅಲ್ವಾ?”

ವರ್ಷ ಕಳೆಯುವಷ್ಟರಲ್ಲಿ ಸಾರ್ ಊರಿನ ಮಾತನ್ನು ಕಲಿತು, ಅಕ್ಕರೆಯಿಂದ ಬಳಸುತ್ತಿದ್ದರು. ಆದರೆ ಚಂದ್ರನ ರಕ್ತ ಕುದಿಯಿತು. ಮತ್ತೆ ರತನ್! ಅದಕ್ಕೆ ಇವನ ಒಪ್ಪಿಗೆ ಬೇರೆ!

“ಅಡ್ಡಿ ಇತ್ತ್ ಸಾರ್!” ಎಂದು ಗರ್ಜಿಸಿದ. ಪಕ್ಕದಲ್ಲಿ ಎಳನೀರು ಕೆತ್ತುತ್ತಿದ್ದ ಬೊಂಡದಂಗಡಿಯವನ ಕೈಯಿಂದ ಕತ್ತಿ ಜಾರಿತು.

“ಏನು? ಅಡ್ಡಿ ಇದೆಯಾ?” ಸಾರ್ ದಂಗಾದರು.

“ಖಂಡಿತಾ ಇತ್ತ್! ನಾನ್ ಇನ್ನ್ ಸುಮ್ನೆ ನಿಂತ್ ಕಾಂಬವ ಅಲ್ಲ!”

“ಸರಿ. ನಿಮ್ಮಿಷ್ಟ.” ಫೋನು ಕಟ್ಟಾಯಿತು.

ಚಂದ್ರ ಗೆದ್ದ ವೀರನಂತೆ ಸುತ್ತ ನೋಡಿದ. ಆ ವೀರತ್ವ ರತನ್ ಫೋನು ಮಾಡುವವರೆಗೆ ಉಳಿಯಿತು.

“ಎಂತಾ ಮಾರಾಯ ಚಂದ್ರಣ್ಣ, ಮಂಡೆ ಸಮ ಇತ್ತಾ? ಇಲ್ಲಿನ್ ನಿನ್ ಕೆಲ್ಸ ನಾನ್ ಕಾಣ್ಕಂಬುದ್, ಅಲ್ಲಿನ್ ಉಸ್ತುವಾರಿ ನೀನ್. ಸಾರ್ ಹೇಳದ್ ಅದ್! ನಿನ್ಗ್ ಬಡ್ತಿ ಕೊಟ್ರೆ ನೀನೇ ಅಡ್ಡಿ ಅಂದ್ಯಂಬ್ರಲೆ!”

ಚಂದ್ರನ ಕಾಲ ಕೆಳಗಿನ ಹೆದ್ದಾರಿ ಸರಿಯಿತು! ಸಾರ್‌ಗೆ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಸರಸಳಿಗೆ ಮಾಡಿದ. ಬಸ್ಸು ತ್ರಾಸಿ ದಾಟುತ್ತಿತ್ತು.

“ಸರಸ, ಸಾರ್ ನಿಮ್ಮೂರಲ್ಲೇ ಹೊಸ ಘಟಕದಲ್ ಇದ್ರ್! ಇಳ್ದ್ ಕೂಡ್ಲೆ ಹೋಯಿ ಹೇಳ್, ಹಾರನ್ ಸದ್ದಿಗೆ ನಂಗ್ ಸಮ ಕೇಂಡಿಲ್ಲೆ ಅಂದೇಳಿ!”

“ನಿಮ್ ಬಾಯಿ ಎಲ್ಲ್ ಹೋಯ್ತ್?”

“ನಾನ್ ಹಿಂದೇ ಬತ್ತೆ!”

ಹೋಗಬೇಕೆಂದೇ ಇದ್ದ. ಆದರೆ ಇಂಥ ಅನಾಹುತಕ್ಕೆ ಕ್ಷಮೆಯೂ ಘನವಾಗಿರಬೇಡವೇ? “ಮಾನ್ಯರೇ, ಸದ್ದಿನ ಅವಾಂತರದಿಂದ ಉಂಟಾದ ಅಪಾರ್ಥಕ್ಕೆ…” ಎಂದು ಮನಸ್ಸಿನಲ್ಲೇ ಶುರು ಮಾಡಿದ. ಒಂದು ಬಸ್ಸು ಬಂದು ಹೋಯಿತು. ‘ವಿಷಾದಿಸುತ್ತೇನೆ’ ಸರಿಯೋ, ‘ಕ್ಷಮೆ ಯಾಚಿಸುತ್ತೇನೆ’ ಸರಿಯೋ? ಇನ್ನೊಂದು ಬಂದು ಹೋಯಿತು. ಮುಂದಿನ ಬಸ್ಸಿನ ಕಂಡಕ್ಟರ್ ಬೈದ: “ಹತ್ತುದಾರೆ ಹತ್ತಿ, ಇಲ್ದಿರೆ ಬದಿಗ್ ನಿಲ್ಲಿ ಮಾರಾಯ್ರೆ!” ಆಗ ಹತ್ತಿದ.

ಕಿರಿಮಂಜೇಶ್ವರದ ಹೊಸ ಘಟಕದಲ್ಲಿ ಕಂಡ ದೃಶ್ಯಕ್ಕೆ ಚಂದ್ರ ಗೇಟಿನಲ್ಲೇ ಕಲ್ಲಾದ. ಮ್ಯಾನೇಜರರ ಕುರ್ಚಿಯಲ್ಲಿ ಫ್ಯಾನಿನಡಿ ಕೂತು ಅತ್ತೆ ಚಾ ಕುಡಿಯುತ್ತಿದ್ದರು! ಅಂಗಳದಲ್ಲಿ ಸರಸ ಸೆರಗು ಸಿಕ್ಕಿಸಿ ನಿಂತಿದ್ದಳು.

“ಹ್ವಾಯ್, ಚೀಲ ಅಲ್ಲಿಡ್ಬೇಡಿ, ನೆಲ ಒದ್ದಿ ಇತ್ತ್, ಬೀಜ ಬೂಸ್ಟ್ ಹಿಡಿತ್ತ್! ಎಲ್ಲಾ ಬಿಸ್ಲಿಗ್ ತನ್ನಿ!”

ಲಾರಿಯ ಆಳುಗಳು ಉಸಿರೆತ್ತದೆ ಹೊರುತ್ತಿದ್ದರು. ಕೌಶಲ್ ಸಾರ್ ಕೈಕಟ್ಟಿ ನೋಡುತ್ತಿದ್ದರು.

“ಮಾನ್ಯರೇ, ಸದ್ದಿನ ಅವಾಂತರದಿಂದ…”

“ಗೊತ್ತು ಚಂದ್ರ. ನಿಮ್ಮ ಮನೆಯವರು ಹೇಳಿದರು. ಅದು ಹೇಳುವಾಗಲೇ ಅವರ ಕಣ್ಣು ಲಾರಿ ಕಡೆ ಹೋಯಿತು. ಆಮೇಲೆ ನನ್ನ ಹತ್ತಿರ ಮಾತಾಡುವುದಕ್ಕೇ ಅವರಿಗೆ ಪುರುಸೊತ್ತಿಲ್ಲ!”

“ಹಾಗಾದ್ರೆ ಸಾರ್, ಉಸ್ತುವಾರಿ…?”

“ನಿಮಗೇ ಅಂತ ಕಾದೆ. ಬಸ್ಸಿನ ಮೇಲೆ ಬಸ್ಸು ಬಂತು, ನೀವು ಇಳಿಯಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ, ನೀವೇ ನೋಡಿಕೊಳ್ತೀರಾ ಅಂತ.”

“ಎಂತ ಅಂದ್ಲ್ ಸಾರ್?”

“‘ಕೀ ಎಲ್ಲಿತ್ತ್ ಸಾರ್?’ ಅಂದರು.”

ಅಂಗಳದಿಂದ ಸರಸ ಕೂಗಿದಳು, “ಹ್ವಾಯ್, ಬಂದ್ರ್ಯಾ? ಕೈ ಖಾಲಿ ಇತ್ತಲೆ, ಈ ಚೀಲದ್ ಒಂದ್ ಬದಿ ಹಿಡ್ಕಣಿ!”

ಚಂದ್ರ ಹಿಡಿದುಕೊಂಡ.

ಈಗ ಸರಸ ಕಿರಿಮಂಜೇಶ್ವರ ಘಟಕದ ಉಸ್ತುವಾರಿ. ಚಂದ್ರ ಅದೇ ಘಟಕದಲ್ಲಿ ಅವಳ ಕೈಕೆಳಗೆ ಗುಮಾಸ್ತನಾಗಿ ಹಾಜರಿ ಬರೆಯುತ್ತಾನೆ.