ಗ್ಯೊಂಗ್ಜು ನೋಡೋಣ

ಕನ್ನಡದಲ್ಲಿ 'ನೋಡೋಣ' ಎಂಬಷ್ಟು ಅಪಾಯಕಾರಿ ಪದ ಇನ್ನೊಂದಿಲ್ಲ ಎಂದು ಗುರುದತ್ತನಿಗೆ ಅರ್ಥವಾಗುವ ಹೊತ್ತಿಗೆ ಮೂರು ವಿಮಾನದ ಟಿಕೆಟ್ಟುಗಳು ಅವನ ಕೈಯಲ್ಲಿದ್ದವು. ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ ಎಂದು ಅವುಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನ್ಯಾಯವಾಗಿ ಬೈಸಿಕೊಳ್ಳಬೇಕಾದದ್ದು ಭಾಷೆ. ಬೈಸಿಕೊಂಡವನು ಮಾತ್ರ ಎಂದಿನಂತೆ ಅವನೇ.

ಗುರುದತ್ತನ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಹೆಂಡತಿ ಅಹಲ್ಯಾ, ಏಳನೇ ಕ್ಲಾಸಿನ ಮಗಳು ಗಾನವಿ, ನಾಲ್ಕು ಬೆಡ್‌ರೂಮು ಮತ್ತು ಮನೆಸಾಲದ ಮಾರ್ಟ್‌ಗೇಜು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ; ಗುರುದತ್ತ, ಒಂದು ಸೂಟ್‌ಕೇಸು ಮತ್ತು ಒಂದು ಪುಟಾಣಿ ರೈಸ್ ಕುಕ್ಕರು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ. ಮನೆ ಕೊಂಡ ಮರುವರ್ಷವೇ ಅವನ ಕಂಪನಿ ಸಿಡ್ನಿಯ ಆಫೀಸು ಮುಚ್ಚಿ, ಮೆಲ್ಬರ್ನಿಗೆ ಬರುವವರು ಬನ್ನಿ ಎಂದಿತ್ತು. ಅಹಲ್ಯಾಗೆ ಸಿಡ್ನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಮಗಳಿಗೆ ಒಳ್ಳೆಯ ಸ್ಕೂಲು. "ಆರು ತಿಂಗಳ ಮಾತು ಅಷ್ಟೆ" ಎಂದು ಹೊರಟವನು ಈಗ ಮೆಲ್ಬರ್ನಿನ ಎರಡನೇ ಚಳಿಗಾಲದಲ್ಲಿ ನಡುಗುತ್ತಿದ್ದ. ತಿಂಗಳಿಗೊಮ್ಮೆ ಸಿಡ್ನಿಗೆ ಹಾರಿ, ಹುಲ್ಲು ಕತ್ತರಿಸಿ, ಕಸದ ಬಿನ್ನು ಹೊರಗಿಟ್ಟು, ಮತ್ತೆ ವಿಮಾನ ಹತ್ತುತ್ತಿದ್ದ. (ಯಜಮಾನ ಎನ್ನುವುದಕ್ಕಿಂತ ಮಾಲಿ ಎನ್ನಬಹುದಿತ್ತು, ಆದರೆ ಮಾಲಿಗೆ ಸಂಬಳವಾದರೂ ಇರುತ್ತದೆ.)

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ; ಉಳಿದ ದಿನಗಳಲ್ಲಿ ಮನೆಯ ಫೋನೇ ಸಂಸಾರ. ಫೋನು ಇಡುವಾಗ 'ಇಡ್ತೀನಿ' ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೊಸಿಲು ದಾಟುವವರು 'ಹೋಗ್ತೀನಿ' ಎನ್ನಬಾರದು, 'ಬರ್ತೀನಿ' ಎನ್ನಬೇಕು ಎಂದು ಮೈಸೂರಿನಲ್ಲಿ ಅಜ್ಜಿ ಕಲಿಸಿದ್ದನ್ನು ಅವನು ದೂರವಾಣಿ ಇಲಾಖೆಗೂ ಅನ್ವಯಿಸಿಕೊಂಡಿದ್ದ. ಎಂಥ ಜಗಳವಾಗಿದ್ದರೂ ಕೊನೆಗೆ "ಸರಿ, ಬರ್ತೀನಿ" ಎಂದೇ ಮುಗಿಸುತ್ತಿದ್ದ.

"ಎಲ್ಲಿಂದ ಬರ್ತೀರ? ಫೋನ್ ಒಳಗಿಂದಾನಾ?" ಎಂದು ಅಹಲ್ಯಾ ಮೊದಮೊದಲು ನಗುತ್ತಿದ್ದಳು. ಈಗ ನಗುವೂ ನಿಂತಿತ್ತು. 'ಬರ್ತೀನಿ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಅವಳ ಕೈ ತಾನೇ ತಾನಾಗಿ ಫೋನು ಇಟ್ಟುಬಿಡುತ್ತಿತ್ತು.

ವಿಂಡಮ್ ವೇಲ್‌ನಲ್ಲಿ ಅವನಿಗೆ ರೂಮು ಬಾಡಿಗೆಗೆ ಕೊಟ್ಟವನು ಸಿದ್ದಣ್ಣ. ಧಾರವಾಡದ ಕಡೆಯವನು, ಓದಲು ಬಂದು, ಕಾಯಂ ನೆಲೆಸುವ ಪಿಆರ್ ಗಿಟ್ಟಿಸಿ, ಸಾಲದಲ್ಲಿ ಮನೆ ಕಟ್ಟಿಸಿ, ಈಗ ಟ್ಯಾಕ್ಸಿ ಓಡಿಸುತ್ತಿದ್ದ. ಇವನು ಬರುವಾಗ ಅವನು ಹೊರಡುತ್ತಿದ್ದ. ಬಾಗಿಲಲ್ಲಿ ಎದುರಾದಾಗ ಎರಡು ಮಾತು ಕನ್ನಡ, ಆಮೇಲೆ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು. ಭಾನುವಾರ ಮಾಡಿದ ಸಾರನ್ನು ಗುರುದತ್ತ ಬುಧವಾರದವರೆಗೂ ಉಣ್ಣುತ್ತಿದ್ದ. ಉಪ್ಪು ಜಾಸ್ತಿ ಎಂದು ಗೊಣಗಲು ಕೂಡ ಎದುರಿಗೆ ಯಾರೂ ಇರಲಿಲ್ಲ. ಹದಿನೈದು ವರ್ಷ ದಾಂಪತ್ಯ ಮಾಡಿದವನಿಗೆ ಇದಕ್ಕಿಂತ ದೊಡ್ಡ ಅನಾಥಸ್ಥಿತಿ ಬೇಕೇ?

ಅಂಥದೊಂದು ಭಾನುವಾರ ಟೀವಿಯಲ್ಲಿ ಕೊರಿಯಾದ ಗ್ಯೊಂಗ್ಜು ಎಂಬ ಊರನ್ನು ತೋರಿಸಿದರು. ಹತ್ತಿರ ಹತ್ತಿರ ಸಾವಿರ ವರ್ಷ ರಾಜಧಾನಿಯಾಗಿದ್ದ ಊರು. ಊರ ನಡುವೆಯೇ ಹುಲ್ಲು ಹೊದ್ದ ಗುಂಡು ಗುಂಡನೆಯ ದಿಬ್ಬಗಳು. ಅವುಗಳ ಕೆಳಗೆ ರಾಜರ ಸಮಾಧಿಗಳು. ಅದರಲ್ಲಿ ಎರಡು ದಿಬ್ಬ ಮಾತ್ರ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಒಂದು ಗಂಡನದು, ಇನ್ನೊಂದು ಹೆಂಡತಿಯದು ಎಂದರು ಟೀವಿಯವರು. ಗುರುದತ್ತ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡ. ನಿಜವಾದ ಪರ್ಮನೆಂಟ್ ರೆಸಿಡೆಂಟುಗಳು ಎಂದರೆ ಇವರು! ಸತ್ತವರು ಸಾವಿರದೈನೂರು ವರ್ಷದಿಂದ ಜೊತೆಗಿದ್ದಾರೆ, ಬದುಕಿರುವ ತಾವು ಒಂದು ವಾರ ಪೂರ್ತಿ ಜೊತೆಗಿದ್ದು ಯಾವ ಕಾಲವಾಯಿತು? ಸಿಡ್ನಿಗೆ ಹೋದರೆ ಹುಲ್ಲು, ಬಿನ್ನು, ಮಗಳ ಸ್ವಿಮ್ಮಿಂಗು. ಒಬ್ಬೊಬ್ಬರು ಒಂದೊಂದು ರೂಮಿನಲ್ಲಿ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಮೂವರೂ ಒಂದೇ ಕೋಣೆಯಲ್ಲಿ ನಾಲ್ಕು ದಿನ. ಕೂಡಲೇ ಫೋನು ಮಾಡಿದ.

"ಅಹಲ್ಯಾ, ಸ್ಕೂಲ್ ಹಾಲಿಡೇಸ್‌ಗೆ ಗ್ಯೊಂಗ್ಜುಗೆ ಹೋಗೋಣ್ವಾ?"

"ಯಾರ ಮನೆ ಅದು?"

"ಮನೆ ಅಲ್ಲ ಕಣೆ, ಊರು. ಕೊರಿಯಾದಲ್ಲಿದೆ."

"ಏನಿದೆ ಅಲ್ಲಿ?"

"ಸಮಾಧಿಗಳಿವೆ." (ತಾಜಮಹಲನ್ನೂ ಹೀಗೆ ಬಣ್ಣಿಸಿದ್ದರೆ ಆಗ್ರಾಕ್ಕೆ ಯಾರೂ ಕಾಲಿಡುತ್ತಿರಲಿಲ್ಲ.)

"ರಜಕ್ಕೆ ಹೆಂಡ್ತೀನ ಸ್ಮಶಾನಕ್ಕೆ ಕರ್ಕೊಂಡ್ ಹೋಗೋ ಗಂಡ ನೀವೊಬ್ರೇ."

"ಸ್ಮಶಾನ ಅಲ್ವೇ, ಇತಿಹಾಸ! ಬುದ್ಧನ ದೇವಸ್ಥಾನ ಇದೆ, ಕೊಳ ಇದೆ. ಗೆಸ್ಟ್‌ಹೌಸ್ ಸಖತ್ ಚೀಪು. ನೆಲಾನೇ ಬೆಚ್ಚಗೆ ಮಾಡಿರ್ತಾರಂತೆ. ಮೂರೂ ಜನ ಒಂದೇ ರೂಮಲ್ಲಿ ನೆಲದ ಮೇಲೆ ಮಲಗೋದು."

"ನೆಲದ ಮೇಲೆ ಮಲಗೋಕೆ ಕೊರಿಯಾ ಯಾಕೆ? ನಿಮ್ಮಮ್ಮನ ಮನೇಲಿ ಮದುವೆ ಆದಾಗಿಂದ ಮಲಗ್ತಾ ಇದೀನಲ್ಲ."

"ಅದು ತಣ್ಣಗಿರೋ ನೆಲ."

"ಊಟಕ್ಕೇನು?"

"ಬಿಬಿಂಬಾಪ್ ಅಂತ ಸಿಗುತ್ತೆ. ಮೊಟ್ಟೆ, ಮಾಂಸ ಬೇಡ ಅಂದ್ರಾಯ್ತು. ಅನ್ನ, ತರಕಾರಿ, ಖಾರ ಹಾಕಿ ಕಲಸೋದು. ಹೆಚ್ಚುಕಮ್ಮಿ ನಮ್ಮ ಬಿಸಿಬೇಳೆಬಾತು ಅಂದ್ಕೋ."

"ಬೇಳೆ ಇರುತ್ತಾ?"

"ಇಲ್ಲ."

"ಹಾಗಾದ್ರೆ ಬರೀ ಬಿಸಿ."

ಅತ್ತ ಕಡೆ ಕುಕ್ಕರು ಕೂಗಿತು. ಅಹಲ್ಯಾ ಅವಸರದಲ್ಲಿ, "ನೋಡೋಣ" ಎಂದಳು.

ಗುರುದತ್ತನಿಗೆ ಆನಂದವಾಯಿತು. "ಸರಿ, ಬರ್ತೀನಿ" ಎಂದವನೇ ಹೋಗಿ ಸಿದ್ದಣ್ಣನಿಗೆ ಸುದ್ದಿ ಮುಟ್ಟಿಸಿದ. ಷೂ ಹಾಕಿಕೊಳ್ಳುತ್ತಿದ್ದ ಸಿದ್ದಣ್ಣ ತಲೆಯೆತ್ತಿ ನೋಡಿದ.

"ಅಣ್ಣಾರ, ಹೆಣ್ಮಕ್ಕಳು ನೋಡೂಣು ಅಂದ್ರ ಆಗೂದಿಲ್ಲ ಅಂತ ಅರ್ಥರೀ. ನಾ ಕಾಲೇಜಿನ್ಯಾಗ ಇದ್ದಾಗ ಮೋಟಾರ್‌ಸೈಕಲ್ ಕೇಳಿದ್ದಕ್ಕ ನಮ್ಮವ್ವ ನೋಡೂಣು ಅಂದಿದ್ಲು. ಇನ್ನೂ ನೋಡಾಕತ್ತಾಳ."

"ನಿಮ್ಮ ಕಡೆ ಹಾಗಿರಬಹುದಪ್ಪ. ಮೈಸೂರು ಕಡೆ ನೋಡೋಣ ಅಂದ್ರೆ ನೋಡೋಣ ಅಂತಲೇ" ಎಂದು ಗುರುದತ್ತ ಅಖಂಡ ಕರ್ನಾಟಕದ ಏಕತೆಗೆ ಅಲ್ಲೇ ಭಂಗ ತಂದ.

ಮರುದಿನ ಆಫೀಸಿನಲ್ಲಿ ರಜ ಕೇಳಿದಾಗ ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ಕೀಳದೆ "ಲೆಟ್ಸ್ ಸೀ, ಮೇಟ್" ಎಂದ. ಅದನ್ನೂ ಗುರುದತ್ತ ಮನಸ್ಸಿನಲ್ಲೇ ಅಚ್ಚಗನ್ನಡಕ್ಕೆ ತಿರುಗಿಸಿಕೊಂಡ. ಎರಡೆರಡು ನೋಡೋಣಗಳ ಬಲದ ಮೇಲೆ ಅದೇ ವಾರ ಫುಟ್ಸ್‌ಕ್ರೇ ಬಡಾವಣೆಯ ಟ್ರಾವೆಲ್ ಏಜೆಂಟನ ಬಳಿ ಹೋಗಿ, ಇದ್ದುದರಲ್ಲೇ ಅತಿ ಅಗ್ಗದ ಟಿಕೆಟ್ಟು ಬುಕ್ ಮಾಡಿದ. ಗೆಸ್ಟ್‌ಹೌಸಿಗೂ ಮುಂಗಡ ಕಟ್ಟಿದ. ಮೂರು ಹಾಸಿಗೆ, ಒಂದು ಕೋಣೆ.

ಮುಂದಿನ ಸಲ ಕೆಲ್ಲಿವಿಲ್‌ಗೆ ಹೋದಾಗ, ಬಟ್ಟೆ ಮಡಚುತ್ತಿದ್ದ ಅಹಲ್ಯಾಳ ಮುಂದೆ ಟಿಕೆಟ್ಟುಗಳನ್ನು ಪಾರಿತೋಷಕದಂತೆ ಹಿಡಿದ.

"ಇದೇನ್ರೀ? ನಾನೆಲ್ಲಿ ಹೂಂ ಅಂದೆ?"

"ನೋಡೋಣ ಅಂದೆಯಲ್ಲ!"

"ನೋಡೋಣ ಅಂದ್ರೆ ಬೇಡ ಅಂತ ಕಣ್ರೀ. ಅಷ್ಟೂ ಗೊತ್ತಾಗಲ್ವಾ?"

"ಬೇಡ ಅನ್ನೋಕೆ ಬೇಡ ಅಂತಲೇ ಒಂದು ಪದ ಇದೆಯಲ್ಲೇ!"

"ಓಹೋ!" ಅಹಲ್ಯಾ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟಳು. "ಹಿಂದಿನ ಬೇಲಿ ಬೀಳೋ ಹಾಗಿದೆ ಅಂದ್ರೆ, ನೋಡೋಣ. ಗಾನವಿ ಸ್ಕೂಲ್ ಕನ್ಸರ್ಟ್‌ಗೆ ಬನ್ನಿ ಅಂದ್ರೆ, ನೋಡೋಣ. ಸಿಡ್ನೀಲೇ ಏನಾದ್ರೂ ಕೆಲಸ ಹುಡುಕ್ಕೊಂಡು ವಾಪಸ್ ಬಂದ್ಬಿಡಿ ಅಂತ ಎಷ್ಟು ಸಲ ಕೇಳಿದೀನಿ? ಏನಂದ್ರಿ?"

ಗುರುದತ್ತ ಟಿಕೆಟ್ಟು ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

"ನೋಡೋಣ ಅಂದ್ರೆ ಇಲ್ಲ ಅಂತ ನಾನು ಕಲಿತಿದ್ದೇ ನಿಮ್ಮಿಂದ."

ಹೆಸರು ಅವಳದು ಅಹಲ್ಯಾ, ಕಲ್ಲಾಗಿ ನಿಂತವನು ಮಾತ್ರ ಗುರುದತ್ತ. ಸೋಫಾದ ಮೇಲಿಂದ ಗಾನವಿ, "ಶೀ ಗಾಟ್ ಯೂ, ಅಪ್ಪಾ" ಎಂದು ಷರಾ ಬರೆದಳು. ಕೈಯಲ್ಲಿರುವ ಕೆಲಸ ಬಿಟ್ಟು ಇನ್ನೊಂದು ಸಿಗದಿದ್ದರೆ ಈ ಮನೆಯ ಗತಿಯೇನು ಎಂಬ ಭಯ ಅವನ ಹೊಟ್ಟೆಯಲ್ಲಿ ಎರಡು ವರ್ಷದಿಂದ ಕೂತಿತ್ತು. 'ನೋಡೋಣ' ಎಂಬುದು ಅದರ ಮುಚ್ಚಳ. ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅದರ ಬದಲು, ಅಂಟಿಕೊಂಡು ನಿಂತ ಆ ಎರಡು ದಿಬ್ಬಗಳ ವಿಷಯ ಹೇಳಿದ. ಹೇಳುತ್ತ ಹೇಳುತ್ತ ತನ್ನ ಎರಡೂ ಮುಷ್ಟಿಗಳನ್ನು ಒಂದಕ್ಕೊಂದು ಅಂಟಿಸಿ ತೋರಿಸಿದ.

ಅಹಲ್ಯಾ ಟವೆಲನ್ನು ಮತ್ತೆ ಕೈಗೆತ್ತಿಕೊಂಡು, ಮಡಚಿದ್ದನ್ನೇ ಇನ್ನೊಮ್ಮೆ ಮಡಚಿದಳು.

"ಅಲ್ಲಿ ಕಸ್ಟಮ್ಸಲ್ಲಿ ಚಟ್ನಿಪುಡಿ ಬಿಡ್ತಾರಾ?" ಎಂದು ಕೇಳಿದಳು.

ಅವಳ ಒಪ್ಪಿಗೆ ಯಾವಾಗಲೂ ಅಡುಗೆಮನೆಯ ದಾರಿಯಲ್ಲೇ ಬರುವುದು.

ಮುಂದಿನ ವಾರಗಳು ಗುರುದತ್ತನ ಪಾಲಿಗೆ ಸುವರ್ಣಯುಗ. ದಿನಾ ಫೋನು, ದಿನಾ ಗ್ಯೊಂಗ್ಜು. ಕೊರಿಯಾದ ಈಗಿನ ರಾಜಧಾನಿ ಸೋಲ್‌ನಿಂದ ರೈಲಿಗಿಂತ ಬಸ್ಸು ಅಗ್ಗ ಎಂದು ಅಹಲ್ಯಾ ಪತ್ತೆ ಹಚ್ಚಿದಳು. ಅಲ್ಲಿ ಸೈಕಲ್ಲು ಬಾಡಿಗೆಗೆ ತೆಗೆದುಕೊಂಡು ಊರು ಸುತ್ತಬಹುದು ಎಂದು ಗಾನವಿ ಲೈಬ್ರರಿಯ ಪುಸ್ತಕ ನೋಡಿ ಹೇಳಿದಳು. ಕಾಲೇಜು ಬಿಟ್ಟ ಮೇಲೆ ಸೈಕಲ್ಲು ಮುಟ್ಟದ ಅಹಲ್ಯಾ ಮಗಳ ಸೈಕಲ್ಲಿನಲ್ಲಿ ಅಭ್ಯಾಸಕ್ಕಿಳಿದು, ಪಕ್ಕದ ಮನೆಯವರ ರೋಸ್‌ಮೇರಿ ಗಿಡದೊಳಗೆ ಸವಾರಿ ಸಮೇತ ಪ್ರವೇಶ ಮಾಡಿದಳು. "ಇನ್ನೂ ಮೈಯೆಲ್ಲಾ ಘಮಘಮ ಅಂತಿದೀನಿ ರೀ" ಎಂದು ಅವಳು ಹೇಳಿದಾಗ ಗುರುದತ್ತ ಎಷ್ಟು ನಕ್ಕನೆಂದರೆ, ಅಳುತ್ತಿದ್ದಾನೆಂದು ತಿಳಿದು ಸಿದ್ದಣ್ಣ ನೀರು ತಂದುಕೊಟ್ಟ. ಆ ದಿನಗಳಲ್ಲಿ ಸಾರು ಹಳಸಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ.

ಹೊರಡುವ ದಿನ ಹತ್ತಿರ ಬಂದಾಗ ಮ್ಯಾನೇಜರು ಕರೆದ. ಪ್ರಾಜೆಕ್ಟಿನ ತಾರೀಖು ಬದಲಾಗಿದೆ, ಯಾರಿಗೂ ರಜ ಇಲ್ಲ ಎಂದ.

"ನೀವು ಲೆಟ್ಸ್ ಸೀ ಅಂದಿದ್ರಿ" ಎಂದು ಗುರುದತ್ತ ಇಂಗ್ಲಿಷಿನಲ್ಲಿ ತೊದಲಿದ.

"ಯೆಸ್. ಐ ಸಾ" ಎಂದ ಮ್ಯಾನೇಜರು.

ಅಂದು ಸಂಜೆ ಅಹಲ್ಯಾಗೆ ಫೋನು ಮಾಡಿ ವಿಷಯ ತಿಳಿಸಿದ. ಆಗ ಗುರುದತ್ತನಿಗೆ ತ್ಯಾಗರಾಜನಾಗುವ ಹುಮ್ಮಸ್ಸು ಬಂತು. "ನೀವಿಬ್ರೇ ಹೋಗ್ಬನ್ನಿ" ಎಂದ. ನೀವಿಲ್ಲದೆ ನಾವ್ಯಾಕೆ ಹೋಗೋಣ ಎಂದು ಅವಳು ಅಳುತ್ತಾಳೆ, ತಾನು ಸಮಾಧಾನ ಮಾಡಬೇಕು ಎಂದು ಎರಡು ಒಳ್ಳೆಯ ವಾಕ್ಯಗಳನ್ನೂ ಜೋಡಿಸಿಟ್ಟುಕೊಂಡಿದ್ದ.

"ಸರಿ" ಎಂದಳು ಅಹಲ್ಯಾ. "ದುಡ್ಡು ಹೇಗಿದ್ರೂ ಹೋಗಿದೆ. ಗಾನವಿ ಬೇರೆ ಆಸೆ ಇಟ್ಕೊಂಡಿದಾಳೆ."

ಜೋಡಿಸಿಟ್ಟ ವಾಕ್ಯಗಳು ಹಾಗೇ ಉಳಿದವು.

ಅವರು ಹೋದ ಮೇಲೆ ವಿಂಡಮ್ ವೇಲ್ ಇನ್ನಷ್ಟು ದೊಡ್ಡದಾಯಿತು. ಸಾಲು ಸಾಲು ಹೊಸ ಮನೆಗಳು, ಎಲ್ಲದರಲ್ಲೂ ಯಾರೋ ಯಾರಿಗೋ ಕಾಯುತ್ತಿರುವಂತೆ ದೀಪ. ಗುರುದತ್ತ ಆಫೀಸು ಮುಗಿದೊಡನೆ ಮನೆಗೆ ಓಡಿಬಂದು ಫೋನಿನ ಪಕ್ಕ ಕೂರುತ್ತಿದ್ದ. ಕೊನೆಗೂ ಒಂದು ಸಂಜೆ ಅದು ಹೊಡೆದುಕೊಂಡಿತು.

"ರೀ, ಬೀದಿಯ ಫೋನಿಂದ ಮಾಡ್ತಿದೀನಿ. ನೋಡಿದ್ವಿ ರೀ ನಿಮ್ಮ ಗುಡ್ಡಾನ. ಗಾನವಿ ಒಂಟೆ ಥರ ಇದೆ ಅಂದ್ಲು."

"ಹೇಗಿದೆ?"

"ಚೆನ್ನಾಗಿದೆ. ರಾಣಿ ಕಡೆ ನಾನು ನಿಂತ್ಕೊಂಡು ಫೋಟೊ ತೆಗೆಸ್ಕೊಂಡೆ. ರಾಜನ ಕಡೆ ಜಾಗ ಖಾಲಿ ಬಿಟ್ಟಿದೀವಿ." ಅವಳು ಸ್ವಲ್ಪ ತಡೆದಳು. "ರೂಮಲ್ಲಿ ಮೂರು ಹಾಸಿಗೆ ಹಾಸಿಟ್ಟಿದ್ರು. ನೆಲ ನೀವು ಹೇಳಿದ ಹಾಗೇ ಬೆಚ್ಚಗಿತ್ತು. ಮೂರನೇದನ್ನ ಮಡಚಿಡೋಕೆ ಮನಸ್ಸೇ ಬರಲಿಲ್ಲ ಕಣ್ರೀ."

ಗುರುದತ್ತನ ಕಣ್ಣು ತುಂಬಿತು. ಆ ಬೆಚ್ಚನೆಯ ನೆಲದ ಮೇಲೆ ತನ್ನ ಹೆಸರಿನ ಹಾಸಿಗೆಯೊಂದು ಖಾಲಿ ಬಿದ್ದಿರುವುದನ್ನು ನೆನೆದು ಅವನಿಗೆ ತನ್ನ ಮೇಲೆಯೇ ಅಯ್ಯೋ ಎನಿಸಿತು.

"ಸಾಕ್ರೀ ಈ ಎರಡೂರಿನ ಸಂಸಾರ" ಎಂದಳು ಅಹಲ್ಯಾ. "ಸಿಡ್ನಿಗೆ ಬಂದ್ಬಿಡಿ. ಕೆಲಸ ಏನಾದ್ರೂ ಆಗುತ್ತೆ. ಏನಂತೀರ?"

'ನೋಡೋ' ಎಂಬಷ್ಟು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಗುರುದತ್ತ ಅದನ್ನು ನುಂಗಿದ. ಮಾರ್ಟ್‌ಗೇಜು, ಮ್ಯಾನೇಜರು, ಭಯ, ಎಲ್ಲವನ್ನೂ ಒಟ್ಟಿಗೇ ನುಂಗಿದ. ಮೈಯಲ್ಲಿದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತನ್ನು ಅದರ ನಿಜವಾದ ಅರ್ಥದಲ್ಲಿ ಆಡಿದ.

"ಸರಿ, ಬರ್ತೀನಿ."

ಅಹಲ್ಯಾ ಸಣ್ಣ ದನಿಯಲ್ಲಿ, "ಇಷ್ಟು ಬೇಗಾನಾ?" ಎಂದಳು.

"ಹೂಂ! ಇನ್ನು ತಡ ಯಾಕೆ?" ಎಂದ ಗುರುದತ್ತ ಉತ್ಸಾಹದಿಂದ.

"ಆಯ್ತು ಬಿಡಿ. ಊಟ ಮಾಡಿ" ಎಂದಳು ಅಹಲ್ಯಾ. ಅವಳ ಕೈ ತಾನೇ ತಾನಾಗಿ ಫೋನು ಇಟ್ಟಿತು.

"ಲೇ, ಲೇ! ಅದು ಆ ಬರ್ತೀನಿ ಅಲ್ವೇ! ಇದು ಬರೋ ಬರ್ತೀನಿ!" ಎಂದು ಗುರುದತ್ತ ಕೂಗಿದ. ಫೋನು ಕುಂಯ್ ಎನ್ನುತ್ತಿತ್ತು. ವಾಪಸ್ ಮಾಡೋಣವೆಂದರೆ ಕೊರಿಯಾದ ಬೀದಿಯಲ್ಲಿರುವ ಯಾವುದೋ ಫೋನಿನ ನಂಬರು ಅವನಿಗೆಲ್ಲಿ ಗೊತ್ತು? "ಬರ್ತೀನಿ ಕಣೇ, ನಿಜವಾಗ್ಲೂ ಬರ್ತೀನಿ!" ಎಂದು ಖಾಲಿ ಫೋನಿಗೇ ಇನ್ನೊಮ್ಮೆ ಹೇಳಿದ.

ಟ್ಯಾಕ್ಸಿಗೆ ಹೊರಟಿದ್ದ ಸಿದ್ದಣ್ಣ ಗಾಬರಿಯಾಗಿ ಒಳಗೆ ಇಣುಕಿದ.

"ಯಾರು ಬರಾಕತ್ತಾರ್ರಿ, ಅಣ್ಣಾರ?"

"ನಾನೇ ಕಣಪ್ಪಾ."

ಸಿದ್ದಣ್ಣ ಖಾಲಿ ಮನೆಯನ್ನೊಮ್ಮೆ ನೋಡಿದ, ಅದರ ನಡುವೆ ಫೋನು ಹಿಡಿದು ಕೂತವನನ್ನೊಮ್ಮೆ ನೋಡಿದ.

"ಬರ್ರಿ, ಬರ್ರಿ" ಎಂದು ಹೇಳಿ, ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದ.